ಲ್ಯಾಪ್‌ಟಾಪಿನ ಪಕ್ಕದ ಪುಟ್ಟ ಸ್ಪೀಕರ್: ನಾಲ್ಕು ವರ್ಷದ ಬಳಕೆಯ ನಂತರ

ನನ್ನ ಮೇಜಿನ ಮೇಲೆ ಲ್ಯಾಪ್‌ಟಾಪಿನ ಎಡಬಲಕ್ಕೆ ಕುಳಿತಿರುವ ಈ ಸ್ಪೀಕರ್ ಜೋಡಿಗೆ ಈಗ ನಾಲ್ಕು ವರ್ಷ ತುಂಬಿದೆ. ಒಂದೊಂದೂ ಗೇಣಿಗಿಂತ ಸ್ವಲ್ಪ ಎತ್ತರವಿದ್ದು, 3 ಇಂಚಿನ ಒಂದು ಕೋನ್, ಅದರ ಮೇಲೆ ಮೇಲ್ಸ್ವರಗಳನ್ನು ನುಡಿಸುವ ಚಿಕ್ಕದೊಂದು ಟ್ವೀಟರ್, ಹಿಂಬದಿಯಲ್ಲಿ ಗಾಳಿ ಹೊರಬರುವ ಒಂದು ತೂತು ಇವೆ. ಆಂಪ್ಲಿಫೈಯರ್ ಇರುವುದು ಬಲಗಡೆಯದರಲ್ಲಿ. ಎಡಗಡೆಯದು ಅದರಿಂದ ಹೊರಟ ತಂತಿಯನ್ನೇ ನಂಬಿಕೊಂಡಿದೆ. ದಿನಕ್ಕೆ ಆರೇಳು ಗಂಟೆ ದುಡಿಸಿಕೊಂಡ ಮೇಲೆ ನನಗೆ ಅನ್ನಿಸಿದ್ದು ಇದು: ಕೊಳ್ಳುವಾಗ ಕೂಲಂಕಷವಾಗಿ ಹೋಲಿಸಿ ನೋಡಿದ ವ್ಯಾಟ್ ಸಂಖ್ಯೆ ಒಂದು ದಿನವೂ ಉಪಯೋಗಕ್ಕೆ ಬರಲಿಲ್ಲ, ಆಗ ಗಮನಿಸದೆ ಬಿಟ್ಟ ವಾಲ್ಯೂಮ್ ಗುಂಡಿ, ಹಿಂಬದಿಯ ತೂತು ಮತ್ತು ತಂತಿಯ ಉದ್ದ ದಿನವೂ ಎದುರಾದವು.

ಇದಕ್ಕೂ ಮುಂಚೆ ಯುಎಸ್‌ಬಿಯಿಂದಲೇ ವಿದ್ಯುತ್ ಪಡೆಯುವ ಇನ್ನೂ ಚಿಕ್ಕ ಜೋಡಿಯೊಂದನ್ನು ಹತ್ತು ತಿಂಗಳು ಬಳಸಿದ್ದೆ. ಅದಕ್ಕೆ ಧ್ವನಿ ಹೆಡ್‌ಫೋನ್ ಪಿನ್ನಿನಿಂದ, ವಿದ್ಯುತ್ ಯುಎಸ್‌ಬಿಯಿಂದ. ಎರಡೂ ತಂತಿಗಳು ಹೋಗುತ್ತಿದ್ದುದು ಅದೇ ಲ್ಯಾಪ್‌ಟಾಪಿಗೆ. ಹಾಡು ನಿಲ್ಲಿಸಿ ಮೌಸ್ ಚಕ್ರ ತಿರುಗಿಸಿ ಪುಟವನ್ನು ಕೆಳಕ್ಕೆ ಸರಿಸಿದರೆ ಸ್ಪೀಕರಿನಿಂದ ಜೀರುಂಡೆಯಂಥ ಸಣ್ಣ ಸದ್ದು ಕೇಳುತ್ತಿತ್ತು, ಪುಟ ನಿಂತರೆ ಸದ್ದೂ ನಿಲ್ಲುತ್ತಿತ್ತು. ಸ್ಪೀಕರೇ ಕೆಟ್ಟಿದೆ ಎಂದು ವಾರಗಟ್ಟಲೆ ಬೈದುಕೊಂಡೆ. ಒಂದೇ ಯಂತ್ರದಿಂದ ಎರಡು ತಂತಿಗಳ ಮೂಲಕ ಗ್ರೌಂಡ್, ಅಂದರೆ ವಿದ್ಯುತ್ ಹಿಂದಿರುಗುವ ದಾರಿ, ಬಂದಾಗ ಅಲ್ಲೊಂದು ಸುತ್ತು ಏರ್ಪಟ್ಟು, ಯುಎಸ್‌ಬಿ ಕಡೆಯ ಗದ್ದಲ ಧ್ವನಿಯ ತಂತಿಗೆ ನುಸುಳುತ್ತದೆ ಎಂಬುದು ಆಮೇಲೆ ತಿಳಿಯಿತು. ಯುಎಸ್‌ಬಿ ತುದಿಯನ್ನು ಲ್ಯಾಪ್‌ಟಾಪಿನಿಂದ ಕಿತ್ತು ಫೋನ್ ಚಾರ್ಜರಿಗೆ ಸಿಕ್ಕಿಸಿದೊಡನೆ ಜೀರುಂಡೆ ಸುಮ್ಮನಾಯಿತು. ಇಂಥ ಜೋಡಿ ಈಗಾಗಲೇ ನಿಮ್ಮಲ್ಲಿದ್ದು ಇದೇ ತೊಂದರೆ ಇದ್ದರೆ, ಹೊಸದನ್ನು ಕೊಳ್ಳುವ ಮೊದಲು ಇಷ್ಟನ್ನು ಮಾಡಿ ನೋಡಬಹುದು.

ವ್ಯಾಟಿನ ವಿಷಯವನ್ನೂ ಆ ಜೋಡಿಯೇ ಕಲಿಸಿತು. ಯುಎಸ್‌ಬಿ 2.0 ಕಿಂಡಿ ಕೊಡುವುದು 5 ವೋಲ್ಟಿನಲ್ಲಿ 500 ಮಿಲಿಆಂಪಿಯರ್, ಅಂದರೆ ಒಟ್ಟು 2.5 ವ್ಯಾಟ್. ಆಂಪ್ಲಿಫೈಯರ್ ತಿನ್ನುವುದನ್ನು ಕಳೆದು ಇಬ್ಭಾಗ ಮಾಡಿದರೆ ಒಂದೊಂದು ಸ್ಪೀಕರಿಗೆ ನಿರಂತರವಾಗಿ ಒಂದು ವ್ಯಾಟ್ ಸಿಕ್ಕರೆ ಹೆಚ್ಚು. ಹಾಗಿದ್ದೂ ಡಬ್ಬದ ಮೇಲೆ ಪಿಎಂಪಿಒ ಎಂಬ ಹೆಸರಿನಲ್ಲಿ ನೂರಾರು ವ್ಯಾಟ್ ಅಚ್ಚಾಗಿತ್ತು. ಆ ಅಂಕಿಗೆ ಅರ್ಥವಿಲ್ಲ. ನೋಡುವುದಿದ್ದರೆ ಆರ್‌ಎಂಎಸ್ ಎಂದು ಬರೆದದ್ದನ್ನು, ಅಂದರೆ ನಿರಂತರವಾಗಿ ಕೊಡಬಲ್ಲ ವ್ಯಾಟನ್ನು, ನೋಡಬೇಕು. ಅದನ್ನೂ ಅಳತೆ ಮೀರಿ ನಂಬಬೇಕಾಗಿಲ್ಲ. ವ್ಯಾಟ್ ಇಮ್ಮಡಿಯಾದರೆ ಹೆಚ್ಚುವುದು 3 ಡೆಸಿಬಲ್ ಮಾತ್ರ, ಕಿವಿಗೆ ಸದ್ದು ಎರಡರಷ್ಟಾಗಿದೆ ಅನ್ನಿಸಲು ಸುಮಾರು 10 ಡೆಸಿಬಲ್ ಬೇಕು. ಎರಡೂವರೆ ಅಡಿ ದೂರದಲ್ಲಿ ಕುಳಿತವರಿಗೆ ನಿಜವಾದ ಒಂದು ವ್ಯಾಟೇ ಧಾರಾಳ. ಈಗಿನ ಜೋಡಿಯ ಗುಂಡಿಯನ್ನು ನಾಲ್ಕು ವರ್ಷದಲ್ಲಿ ಪೂರ್ತಿ ತಿರುಗಿಸಿದ ನೆನಪು ನನಗಿಲ್ಲ.

ಬಾಸ್ ಬಗ್ಗೆ ನಿರೀಕ್ಷೆಯನ್ನು ಮೊದಲೇ ತಗ್ಗಿಸಿಕೊಳ್ಳುವುದು ಒಳ್ಳೆಯದು. ಸ್ವರ ಒಂದು ಸಪ್ತಕ ಕೆಳಗಿಳಿದಾಗ ಅಷ್ಟೇ ಸದ್ದು ಬರಬೇಕಾದರೆ ಕೋನ್ ನಾಲ್ಕು ಪಟ್ಟು ಹೆಚ್ಚು ದೂರ ಹಿಂದೆಮುಂದೆ ಚಲಿಸಬೇಕು. 3 ಇಂಚಿನ ಕೋನಿಗೆ ಅಷ್ಟು ಜಾಗವೂ ಇಲ್ಲ, ಅಷ್ಟು ಗಾಳಿಯನ್ನು ತಳ್ಳುವ ಅಗಲವೂ ಇಲ್ಲ. ಬಾಸ್ ಗಿಟಾರಿನ ಅತಿ ದಪ್ಪ ತಂತಿಯ 41 ಹರ್ಟ್ಸ್ ನನ್ನ ಸ್ಪೀಕರಿನಿಂದ ಬರುವುದೇ ಇಲ್ಲ. ಆದರೂ ಆ ಸ್ವರ ಕೇಳಿದಂತೆಯೇ ಅನ್ನಿಸುತ್ತದೆ, ಏಕೆಂದರೆ 82, 123 ಹರ್ಟ್ಸ್‌ಗಳಲ್ಲಿ ಬರುವ ಅದರ ಉಪಸ್ವರಗಳಿಂದ ಮಿದುಳು ಮೂಲ ಸ್ವರವನ್ನು ತಾನೇ ಊಹಿಸಿಕೊಳ್ಳುತ್ತದೆ. ಎದೆಗೆ ಬಡಿಯುವ ಗುದ್ದು ಬೇಕೆನ್ನುವವರು ತಗ್ಗಿನ ಸ್ವರಗಳಿಗೆಂದೇ ಇರುವ ದೊಡ್ಡ ಸ್ಪೀಕರ್, ಅಂದರೆ ಸಬ್‌ವೂಫರ್, ಜೊತೆಗಿರುವ ಸೆಟ್ಟನ್ನೇ ಹುಡುಕಲಿ. ಪಾಠ, ಸಭೆ, ಸುದ್ದಿ, ಹಾಡು ಕೇಳುವವರಿಗೆ ಮಾತಿನ ಸ್ಪಷ್ಟತೆಯೇ ಮುಖ್ಯ, ಅದರಲ್ಲಿ ಈ ಜೋಡಿ ಸೋತಿಲ್ಲ.

ಸೋತಂತೆ ಕಂಡದ್ದು ಮೊದಲ ತಿಂಗಳಲ್ಲಿ ಮಾತ್ರ, ಆ ತಪ್ಪು ನನ್ನದು. ಜಾಗ ಉಳಿಯಲೆಂದು ಎರಡನ್ನೂ ಗೋಡೆಗೆ ಒತ್ತಿ ಇಟ್ಟಿದ್ದೆ. ಗಂಡು ಧ್ವನಿಯಲ್ಲಿ ಸುದ್ದಿ ಓದಿದರೆ ಕೊಡದೊಳಗಿಂದ ಮಾತನಾಡಿದಂತೆ ಗುಂಯ್‌ಗುಡುತ್ತಿತ್ತು. ಹಿಂಬದಿಯ ತೂತು ಗೋಡೆಗೆ ಅಂಟಿದಂತಿದ್ದು, ಗೋಡೆಯೂ ತಗ್ಗಿನ ಸ್ವರಗಳನ್ನು ಹಿಂದಕ್ಕೆ ಎಸೆದು ಉಬ್ಬಿಸುತ್ತಿದ್ದುದು ಅದಕ್ಕೆ ಕಾರಣ. ಒಂದು ಗೇಣು ಮುಂದಕ್ಕೆ ಎಳೆದ ಮೇಲೆ ಮುಕ್ಕಾಲು ಪಾಲು ಸರಿಹೋಯಿತು; ಉಳಿದದ್ದಕ್ಕೆ ಹಳೆಯ ಕಾಲುಚೀಲವನ್ನು ಸಡಿಲವಾಗಿ ಸುತ್ತಿ ತೂತಿಗೆ ತುರುಕಿದೆ. ನೋಡಲು ಚೆನ್ನಾಗಿಲ್ಲ, ಆದರೆ ಅದು ಇರುವುದು ಹಿಂಬದಿಯಲ್ಲಿ. ಇನ್ನೊಂದು ಕೊರತೆ ಮೇಲ್ಸ್ವರಗಳದ್ದು. ಟ್ವೀಟರ್ ನನ್ನ ಎದೆಯ ಕಡೆಗೆ ನೋಡುತ್ತಿದ್ದುದರಿಂದ ‘ಸ’, ‘ಶ’ ಅಕ್ಷರಗಳು ಮಂಕಾಗಿ ಕೇಳುತ್ತಿದ್ದವು. ಮೇಲಾಗಿ ಮೇಜಿನ ಹಲಗೆಗೆ ಬಡಿದು ತುಸು ತಡವಾಗಿ ಬರುವ ಸದ್ದು ನೇರ ಸದ್ದಿನೊಡನೆ ಸೇರಿ ಕೆಲವು ಸ್ವರಗಳನ್ನು ತಿಂದುಹಾಕುತ್ತಿತ್ತು. ಪೆನ್ಸಿಲ್ ಅಳಿಸುವ ಎರಡು ರಬ್ಬರುಗಳನ್ನು ಸ್ಪೀಕರುಗಳ ಮುಂದಿನ ಅಂಚಿನ ಕೆಳಗೆ ಇಟ್ಟು ಮುಖವನ್ನು ಕಿವಿಯ ಕಡೆಗೆ ಎತ್ತಿದೆ. ಆ ಹೊತ್ತು ಓಡುತ್ತಿದ್ದ ಉಪನ್ಯಾಸದಲ್ಲಿ ಮಾತನಾಡುತ್ತಿದ್ದವರು ಪರದೆ ಸರಿಸಿ ಹೊರಗೆ ಬಂದಂತಾಯಿತು. ಎರಡು ಸ್ಪೀಕರ್ ಮತ್ತು ತಲೆ ಸಮಬಾಹು ತ್ರಿಕೋನವಾಗುವಂತೆ ಇಟ್ಟರೆ ಧ್ವನಿ ಪರದೆಯ ನಡುವಿನಿಂದಲೇ ಬರುತ್ತದೆ ಎಂಬುದೂ ಅದೇ ದಿನ ಗೊತ್ತಾಯಿತು.

ಬ್ಲೂಟೂತ್ ಇದರಲ್ಲಿದೆ, ಬಳಸುವುದನ್ನು ಬಿಟ್ಟಿದ್ದೇನೆ. ಅದರಲ್ಲಿ ಸದ್ದು ತುಸು ತಡವಾಗಿ ಬರುತ್ತದೆ. ವಿಡಿಯೊ ತೋರಿಸುವ ತಂತ್ರಾಂಶಗಳು ಚಿತ್ರವನ್ನೂ ಅಷ್ಟೇ ತಡಮಾಡಿ ತುಟಿಗೂ ಮಾತಿಗೂ ಹೊಂದಿಸುತ್ತವೆ. ಆಟದಲ್ಲಿ, ಧ್ವನಿ ಸಂಕಲನದಲ್ಲಿ ಆ ಅನುಕೂಲವಿಲ್ಲ, ಗುಂಡಿ ಒತ್ತಿದ ಮೇಲೆ ಸದ್ದು ಹಿಂದಿನಿಂದ ಓಡಿ ಬರುತ್ತದೆ. ತಂತಿಯಲ್ಲಿ ಈ ಗೋಳಿಲ್ಲ, ಬೇರೊಂದು ಇದೆ. ಹದಿನೈದು ನಿಮಿಷ ಸದ್ದಿಲ್ಲದಿದ್ದರೆ ಸ್ಪೀಕರ್ ತಾನಾಗಿ ನಿದ್ದೆಗೆ ಜಾರುತ್ತದೆ, ಎಚ್ಚರವಾಗಲು ಅರೆ ಕ್ಷಣ ಬೇಕು, ಆ ಅರೆ ಕ್ಷಣದಲ್ಲಿ ಬಂದದ್ದು ಹೋಯಿತು. ಸಭೆಗೆ ಸೇರಿದ ಮೊದಲ ವ್ಯಕ್ತಿಯ ‘ನಮಸ್ಕಾರ’ ನನಗೆ ಎಷ್ಟೋ ಸಲ ‘ಸ್ಕಾರ’ ಎಂದೇ ಕೇಳಿದೆ. ಇದನ್ನು ನಿಲ್ಲಿಸುವ ಸ್ವಿಚ್ಚಾಗಲಿ ಸೆಟ್ಟಿಂಗಾಗಲಿ ಇಲ್ಲದಿರುವುದು ಈ ಮಾದರಿಯ ಮೇಲಿನ ನನ್ನ ದೊಡ್ಡ ದೂರು.

ಎರಡನೆಯ ದೂರು ವಾಲ್ಯೂಮ್ ಗುಂಡಿಯದು. ಅದು ಮುಂಭಾಗದಲ್ಲಿದೆ, ಕತ್ತಲಲ್ಲೂ ಕೈಗೆ ಸಿಗುತ್ತದೆ, ಈ ಒಂದು ಕಾರಣಕ್ಕೇ ಹಿಂಬದಿಯಲ್ಲಿ ಗುಂಡಿಯಿರುವ ಸ್ಪೀಕರುಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಆದರೆ ತೀರ ಕಡಿಮೆ ಸದ್ದಿನಲ್ಲಿ ಎಡಬಲದ ಸಮತೋಲ ತಪ್ಪುತ್ತದೆ. ರಾತ್ರಿ ಮೆಲ್ಲಗೆ ಹಾಡು ಹಾಕಿದರೆ ಗಾಯಕಿ ಎಡಕ್ಕೆ ಸರಿದು ನಿಲ್ಲುತ್ತಾರೆ. ಎರಡು ಬದಿಗೂ ಒಂದೇ ಗುಂಡಿ ಇರುವ ಅಗ್ಗದ ಬಿಡಿಭಾಗಗಳಲ್ಲಿ ಆರಂಭದ ಭಾಗ ಎರಡೂ ಕಡೆ ಒಂದೇ ಸಮ ಇರುವುದಿಲ್ಲ. ಗುಂಡಿಯನ್ನು ಗಡಿಯಾರದ ಹತ್ತು ಗಂಟೆಯ ಜಾಗದಲ್ಲಿ ನಿಲ್ಲಿಸಿ, ಸದ್ದನ್ನು ಲ್ಯಾಪ್‌ಟಾಪಿನಲ್ಲೇ ಇಳಿಸುವುದನ್ನು ರೂಢಿ ಮಾಡಿಕೊಂಡೆ. ಮೂರನೆಯ ವರ್ಷದಲ್ಲಿ ತಿರುಗಿಸುವಾಗ ಚರಚರ ಸದ್ದು ಶುರುವಾಯಿತು. ವಿದ್ಯುತ್ ಆರಿಸಿ ಈ ತುದಿಯಿಂದ ಆ ತುದಿಗೆ ಇಪ್ಪತ್ತು ಸಲ ತಿರುಗಿಸಿದರೆ ಒಳಗಿನ ದೂಳು ಸವೆದು ಕೆಲವು ತಿಂಗಳು ಸುಮ್ಮನಿರುತ್ತದೆ, ಆಮೇಲೆ ಮತ್ತೆ ಅದೇ ಹಾಡು.

ಎಡ ಸ್ಪೀಕರಿನ ತಂತಿಯನ್ನು ಒಳಗೇ ಬೆಸುಗೆ ಹಾಕಿಬಿಟ್ಟಿದ್ದಾರೆ. ಮೇಜು ಬದಲಿಸಿದಾಗ ಅದು ಸಾಲದೆ, ಕತ್ತರಿಸಿ ನಡುವೆ ಬೇರೆ ತಂತಿ ಸೇರಿಸಬೇಕಾಯಿತು. ಹಿಂದೆ ಕ್ಲಿಪ್ ಇರುವ ಮಾದರಿಯಾಗಿದ್ದರೆ ಎರಡು ನಿಮಿಷದ ಕೆಲಸ. ನೀಲಿ ದೀಪದ ಮೇಲೆ ಕಪ್ಪು ಟೇಪು ಅಂಟಿಸಿದ್ದೇನೆ.

ಹೋದ ತಿಂಗಳು ಮುಂದಿನ ಜಾಲರಿ ಬಿಚ್ಚಿ ದೂಳು ಒರೆಸುವಾಗ, ಕೋನಿನ ಸುತ್ತಲಿನ ರಬ್ಬರಿನ ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದೆ. ಫೋಮಿನ ಅಂಚಾದರೆ ವರ್ಷಗಳು ಕಳೆದಂತೆ ಪುಡಿಪುಡಿಯಾಗಿ ಉದುರುತ್ತದೆ. ಇದು ಹೊಸದರಂತೆಯೇ ಮೆತ್ತಗಿದೆ, ಬಿರುಕಿಲ್ಲ. ಗುಂಡಿಯೊಳಕ್ಕೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸುವುದೊಂದು ಬಾಕಿ ಇದೆ, ಹೊಸ ಜೋಡಿ ಹುಡುಕುವ ಮಾತು ಸದ್ಯಕ್ಕಿಲ್ಲ.