ಮಧುಚಂದ್ರಕ್ಕೆ ಸ್ಕೂಬಾ: ರೆಸಾರ್ಟ್ ದ್ವೀಪ, ಸಫಾರಿ ದೋಣಿ, ಜನವಸತಿಯ ದ್ವೀಪ ಮತ್ತು ಬೊನೇರ್‌ನ ದಡ

ಸ್ಕೂಬಾ ಡೈವಿಂಗ್‌ಗಾಗಿಯೇ ಉಷ್ಣವಲಯದ ದ್ವೀಪವೊಂದಕ್ಕೆ ಮಧುಚಂದ್ರಕ್ಕೆ ಹೊರಡುವ ದಂಪತಿಗಳು ಸಾಮಾನ್ಯವಾಗಿ ಯಾವ ದೇಶ, ಯಾವ ದ್ವೀಪ ಎಂಬ ಪ್ರಶ್ನೆಯಿಂದ ಯೋಜನೆಯನ್ನು ಆರಂಭಿಸುತ್ತಾರೆ. ಮಾಲ್ಡೀವ್ಸ್‌ನಲ್ಲಿ ಮೂರು ಬಗೆಯಾಗಿಯೂ ಕೆರಿಬಿಯನ್ ಸಮುದ್ರದ ಬೊನೇರ್‌ನಲ್ಲಿ ನಾಲ್ಕನೆಯ ಬಗೆಯಾಗಿಯೂ ತಂಗಿ, ಮುಳುಗಿ ನೋಡಿದ ಮೇಲೆ, ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೊಂದಿದೆ ಎಂದು ನನಗೆ ಅನ್ನಿಸಿದೆ: ದಿನದಲ್ಲಿ ಯಾವಾಗ ನೀರಿಗಿಳಿಯಬೇಕು, ಯಾರೊಡನೆ ಇಳಿಯಬೇಕು ಎಂಬುದನ್ನು ನಿರ್ಧರಿಸುವವರು ಯಾರು? ಮದುವೆಯ ಓಡಾಟದಿಂದ ದಣಿದು ಬಂದ ಇಬ್ಬರಿಗೆ ಮೀನುಗಳ ಸಂಖ್ಯೆಗಿಂತ ಈ ಪ್ರಶ್ನೆಯ ಉತ್ತರವೇ ಹೆಚ್ಚು ಮುಖ್ಯವಾಗುತ್ತದೆ.

ನಮ್ಮ ಪರಿಸ್ಥಿತಿಯನ್ನು ಹೇಳದಿದ್ದರೆ ಹೋಲಿಕೆಗೆ ಅರ್ಥವಿರುವುದಿಲ್ಲ. ನಾನು ಮದುವೆಗೆ ಹಲವು ವರ್ಷ ಮೊದಲಿನಿಂದಲೂ ಡೈವಿಂಗ್ ಮಾಡುತ್ತಿದ್ದವಳು. ನನ್ನ ಪತಿ ಮದುವೆ ನಿಶ್ಚಯವಾದ ಮೇಲೆ ಓಪನ್ ವಾಟರ್ ಪ್ರಮಾಣಪತ್ರ ಪಡೆದವರು, ಅಂದರೆ 18 ಮೀಟರ್ ಆಳದವರೆಗೆ ಹೋಗಲು ತರಬೇತಿ ಪಡೆದವರು. ಮಧುಚಂದ್ರವನ್ನು ಎರಡು ಭಾಗ ಮಾಡಿ, ಮೊದಲು ರೆಸಾರ್ಟ್ ದ್ವೀಪದಲ್ಲಿಯೂ ನಂತರ ಸಫಾರಿ ದೋಣಿಯಲ್ಲಿಯೂ, ಅಂದರೆ ಅದರಲ್ಲಿಯೇ ತಂಗಿ ಸ್ಥಳದಿಂದ ಸ್ಥಳಕ್ಕೆ ಸಾಗುತ್ತಾ ಡೈವ್ ಮಾಡುವ ದೋಣಿಯಲ್ಲಿಯೂ, ಉಳಿದೆವು. ಜನವಸತಿಯ ದ್ವೀಪದ ಅತಿಥಿಗೃಹವನ್ನೂ ಬೊನೇರನ್ನೂ ಮುಂದಿನ ರಜೆಗಳಲ್ಲಿ ನೋಡಿದೆವು.

ರೆಸಾರ್ಟ್ ದ್ವೀಪದ ವಿಷಯದಲ್ಲಿ ಎಲ್ಲರೂ ನೀರಿನ ಮೇಲಿನ ಕೋಣೆಯ ಚಿತ್ರಗಳನ್ನು ನೋಡಿ ಮನಸೋಲುತ್ತಾರೆ. ಡೈವಿಂಗ್ ಮಾಡುವವರು ನೋಡಬೇಕಾದದ್ದು ಮೇಲಿನಿಂದ ತೆಗೆದ ಚಿತ್ರದಲ್ಲಿ ನೀರಿನ ಬಣ್ಣವನ್ನು. ದ್ವೀಪದ ಸುತ್ತ ತಿಳಿ ಹಸಿರುನೀಲಿ ಬಣ್ಣ ಬಹಳ ದೂರದವರೆಗೆ ಹರಡಿದ್ದರೆ ಅದು ಮರಳು ತಳದ, ಆಳವಿಲ್ಲದ ಲಗೂನು. ಹವಳದ ದಿಬ್ಬದ ಅಂಚು ಅಲ್ಲಿಂದ ಬಹಳ ಆಚೆ ಇರುತ್ತದೆ ಮತ್ತು ಪ್ರತಿ ಡೈವ್‌ಗೂ ದೋಣಿಯನ್ನೇ ಹತ್ತಬೇಕಾಗುತ್ತದೆ. ತಿಳಿ ಬಣ್ಣದ ಪಟ್ಟಿ ಕಿರಿದಾಗಿದ್ದು, ದಡದಿಂದ ಸ್ವಲ್ಪ ದೂರದಲ್ಲಿಯೇ ಕಡುನೀಲಿ ಆರಂಭವಾಗಿದ್ದರೆ, ಜೆಟ್ಟಿಯಿಂದ ಇಳಿದು ತಲುಪಬಹುದಾದ ದಿಬ್ಬ, ಅಂದರೆ ಹೌಸ್ ರೀಫ್, ಇರುವ ಸಾಧ್ಯತೆ ಹೆಚ್ಚು. ಅತ್ಯಂತ ಸುಂದರವಾಗಿ ಚಿತ್ರಕ್ಕೆ ಸಿಗುವ ದ್ವೀಪಗಳು ಎಷ್ಟೋ ಸಲ ಮೊದಲನೆಯ ಬಗೆಯವೇ ಆಗಿರುತ್ತವೆ.

ನಾವು ಆರಿಸಿಕೊಂಡದ್ದು ಎರಡನೆಯ ಬಗೆಯ ದ್ವೀಪ. ಅಲ್ಲಿನ ಪದ್ಧತಿ ಸರಳವಾಗಿತ್ತು: ಮೊದಲ ದಿನ ತರಬೇತುದಾರರೊಬ್ಬರ ಜೊತೆಗೆ ಪರೀಕ್ಷಾ ಡೈವ್ ಮಾಡಿ, ಮಾಸ್ಕಿನೊಳಗಿನ ನೀರು ಹೊರಹಾಕುವುದು, ತೇಲುವಿಕೆಯ ಹತೋಟಿ ಮೊದಲಾದವನ್ನು ತೋರಿಸಬೇಕು, ಆಮೇಲೆ ಅಗತ್ಯ ಅರ್ಹತೆಯಿರುವ ಜೋಡಿ ಗೈಡ್ ಇಲ್ಲದೆಯೇ ಹೌಸ್ ರೀಫಿಗೆ ಇಳಿಯಬಹುದು. ಹೋಗುವಾಗ ಹಲಗೆಯ ಮೇಲೆ ಹೆಸರು, ಸಮಯ ಮತ್ತು ಸಿಲಿಂಡರಿನಲ್ಲಿರುವ ಒತ್ತಡವನ್ನು ಬರೆಯಬೇಕು, ಬಂದ ಮೇಲೆ ಅಳಿಸಬೇಕು. ನನ್ನವರು ಆರಂಭದ ದಿನಗಳಲ್ಲಿ ಅಡ್ವಾನ್ಸ್‌ಡ್ ಕೋರ್ಸ್ ಮುಗಿಸಿದರು. ಆಳದ ಡೈವ್ ಮತ್ತು ದಿಕ್ಕು ಕಂಡುಹಿಡಿಯುವ ಡೈವ್ ಸೇರಿದಂತೆ ಐದು ಡೈವ್‌ಗಳ ಆ ಕೋರ್ಸಿಗೆ ಇಂಥ ಶಾಂತ ದಿಬ್ಬಕ್ಕಿಂತ ಒಳ್ಳೆಯ ಸ್ಥಳ ಸಿಗುವುದು ಕಷ್ಟ. ಅದಾದ ಮೇಲೆ ನಾವಿಬ್ಬರೇ ಇಳಿಯುತ್ತಿದ್ದೆವು. ತಡವಾಗಿ ಏಳುವುದು, ಮಧ್ಯಾಹ್ನ ನಿದ್ದೆ ಮಾಡುವುದು, ಸಂಜೆ ಬೆಳಕು ಇಳಿಯುವ ಹೊತ್ತಿಗೆ ನೀರಿಗೆ ಹೋಗಿ ಗಿಣಿಮೀನುಗಳು ರಾತ್ರಿಯ ನಿದ್ದೆಗಾಗಿ ಬಿರುಕುಗಳಲ್ಲಿ ಸೇರಿಕೊಳ್ಳುವುದನ್ನು, ಅಷ್ಟೊತ್ತಿಗೆ ಆಕ್ಟೋಪಸ್ ಹೊರಬರುವುದನ್ನು ನೋಡುವುದು, ಮನಸ್ಸಿಲ್ಲದ ದಿನ ಇಳಿಯದೇ ಇರುವುದು, ಇವೆಲ್ಲಕ್ಕೂ ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಆಮೆಯೊಂದು ಹವಳದ ಕೆಳಗೆ ಮಲಗಿದ್ದರೆ ಅದರ ಬಳಿಯಲ್ಲಿಯೇ ಬೇಕಾದಷ್ಟು ಹೊತ್ತು ನಿಲ್ಲಬಹುದಿತ್ತು. ಮುಂದೆ ಹೋಗುವ ಗುಂಪು ಇರಲಿಲ್ಲ.

ಕೊರತೆಗಳೂ ಇವೆ. ವೆಚ್ಚ ನಾಲ್ಕೂ ಬಗೆಗಳಲ್ಲಿ ಇದಕ್ಕೇ ಹೆಚ್ಚು, ಮತ್ತು ದೋಣಿಯ ಡೈವ್‌ಗಳಿಗೆ ಪ್ರತ್ಯೇಕವಾಗಿ ಹಣ ತೆರಬೇಕು. ಒಂದೇ ದಿಬ್ಬವನ್ನು ಮತ್ತೆ ಮತ್ತೆ ನೋಡುವುದು ಕೆಲವರಿಗೆ ಬೇಸರವೆನಿಸಬಹುದು. ನನಗಂತೂ ಪರಿಚಯವಾದ ದಿಬ್ಬದಲ್ಲಿ ಚಿಕ್ಕ ಜೀವಿಗಳು ಕಣ್ಣಿಗೆ ಬೀಳಲು ಆರಂಭವಾಗುವುದೇ ಎರಡು ಮೂರು ಭೇಟಿಗಳ ನಂತರ. ಇದಕ್ಕಿಂತ ಗಂಭೀರವಾದ ವಿಷಯ ಹವಳದ ಆರೋಗ್ಯ. 1998ರಲ್ಲಿಯೂ 2016ರಲ್ಲಿಯೂ ಸಮುದ್ರದ ನೀರು ಅತಿಯಾಗಿ ಬಿಸಿಯಾಗಿ ಮಾಲ್ಡೀವ್ಸ್‌ನ ಹವಳಗಳು ಬಿಳಿಚಿಕೊಂಡು, ಆಳವಿಲ್ಲದ ಕಡೆಗಳಲ್ಲಿ ಬಹಳಷ್ಟು ಸತ್ತವು. ಜಗತ್ತಿನಾದ್ಯಂತ ನಾಲ್ಕನೆಯ ದೊಡ್ಡ ಬಿಳಿಚುವಿಕೆ ನಡೆಯುತ್ತಿದೆ ಎಂದು 2024ರಲ್ಲಿ ಘೋಷಿಸಲಾಯಿತು. ಹೀಗಾಗಿ ಹೌಸ್ ರೀಫಿನ ಮೇಲ್ಭಾಗದಲ್ಲಿ ಬೂದುಬಣ್ಣದ ಮುರುಕುಗಳನ್ನು ಕಂಡು ನಿರಾಶರಾಗುವವರಿದ್ದಾರೆ. ಮೀನುಗಳಿಗೆ ಕೊರತೆಯಿರಲಿಲ್ಲ, ಆದರೆ ಪ್ರಚಾರದ ಚಿತ್ರಗಳಲ್ಲಿರುವ ಹೂದೋಟದಂಥ ಹವಳವನ್ನು ನಿರೀಕ್ಷಿಸಿ ಹೋಗಬಾರದು.

ಸಫಾರಿ ದೋಣಿ ಇದಕ್ಕೆ ತದ್ವಿರುದ್ಧ. ಡೈವಿಂಗ್ ಒಂದನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ನಾಲ್ಕರಲ್ಲಿ ಇದೇ ಶ್ರೇಷ್ಠ, ಅದರಲ್ಲಿ ನನಗೆ ಸಂಶಯವಿಲ್ಲ. ಕಾರಣವೂ ಸ್ಪಷ್ಟವಾಗಿದೆ. ಈಶಾನ್ಯ ಮಾರುತದ ತಿಂಗಳುಗಳಲ್ಲಿ ಸಾಗರದ ನೀರು ಅಟಾಲ್‌ಗಳ, ಅಂದರೆ ಉಂಗುರದಾಕಾರದ ಹವಳದ ದಿಬ್ಬಗಳ, ಪೂರ್ವದ ಕಾಲುವೆಗಳಿಂದ ಒಳನುಗ್ಗುತ್ತದೆ; ಆ ಕಡೆ ನೀರು ತಿಳಿಯಾಗಿದ್ದು, ಕಾಲುವೆಯ ಬಾಯಲ್ಲಿ ಬೂದು ಶಾರ್ಕ್‌ಗಳು ಸೇರುತ್ತವೆ, ಪ್ಲಾಂಕ್ಟನ್ ಎಂಬ ಸೂಕ್ಷ್ಮಜೀವಿಗಳು ತುಂಬಿದ ನೀರು ಹೊರಹೋಗುವ ಪಶ್ಚಿಮದ ಅಂಚಿನಲ್ಲಿ ರೆಕ್ಕೆಯಂತೆ ಅಗಲವಾದ ಮೈಯ ಮಾಂಟಾ ಮೀನುಗಳು ಕಾಣಿಸಿಕೊಳ್ಳುತ್ತವೆ. ನೈಋತ್ಯ ಮಾರುತದಲ್ಲಿ ಈ ವ್ಯವಸ್ಥೆ ತಿರುಗುಮುರುಗಾಗುತ್ತದೆ. ರೆಸಾರ್ಟ್ ತನ್ನ ಸ್ಥಳ ಬಿಟ್ಟು ಕದಲಲಾರದು. ದೋಣಿಯಾದರೋ ಋತುವಿಗೆ ತಕ್ಕ ಅಂಚನ್ನು ಹುಡುಕಿಕೊಂಡು ಹೋಗುತ್ತದೆ. ಕಾಲುವೆಯ ಬಾಯಲ್ಲಿ, ದಿಬ್ಬದ ಸತ್ತ ಭಾಗಕ್ಕೆ ಕೊಕ್ಕೆ ಸಿಕ್ಕಿಸಿ ಸೆಳೆತದಲ್ಲಿ ಪತಾಕೆಯಂತೆ ತೂಗುತ್ತಾ ಶಾರ್ಕ್‌ಗಳು ಹಾದುಹೋಗುವುದನ್ನು ನೋಡಿದ ಆ ಡೈವ್‌ಗಳಿಗೆ ಸಮನಾದದ್ದನ್ನು ಉಳಿದ ಮೂರು ಕಡೆಗಳಲ್ಲಿ ನಾನು ಕಾಣಲಿಲ್ಲ.

ಆದರೆ ಅದು ಮಧುಚಂದ್ರವೆನಿಸಿತೇ ಎಂದು ಕೇಳಿದರೆ, ಅರ್ಧ ಮಾತ್ರ ಎನ್ನಬೇಕಾಗುತ್ತದೆ. ಸೂರ್ಯೋದಯದ ಹೊತ್ತಿಗೆ ಗಂಟೆ ಬಾರಿಸಿ ಎಬ್ಬಿಸುತ್ತಾರೆ. ದಿನಕ್ಕೆ ಮೂರು ಡೈವ್, ಕೆಲವೊಮ್ಮೆ ರಾತ್ರಿಯದು ಸೇರಿ ನಾಲ್ಕು. ನಡುವಿನ ಸಮಯವೆಲ್ಲ ಊಟ, ಮುಂದಿನ ಡೈವಿನ ವಿವರಣೆ ಮತ್ತು ನಿದ್ದೆಯಲ್ಲಿ ಕಳೆಯುತ್ತದೆ. ಊಟಕ್ಕೆ ಒಂದೇ ಉದ್ದನೆಯ ಮೇಜು, ಸುತ್ತ ಅಪರಿಚಿತರು. ಅವರು ಸ್ನೇಹಪರರಾಗಿಯೇ ಇದ್ದರು, ಆದರೆ ಹೊಸದಾಗಿ ಮದುವೆಯಾದವರು ಎಂದು ತಿಳಿದ ಮೇಲೆ ಅವರೆಲ್ಲರ ಅಕ್ಕರೆಯೇ ಒಂದು ಹೊರೆಯಾಯಿತು. ಕೋಣೆಯ ಗೋಡೆಗಳು ತೆಳು. ಕಾಯ್ದಿರಿಸುವಾಗ ಜೋಡಿ ಮಂಚವೋ ಎರಡು ಪ್ರತ್ಯೇಕ ಮಂಚಗಳೋ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಖಚಿತಪಡಿಸಿಕೊಳ್ಳುವುದು ಹಾಸ್ಯದ ವಿಷಯವಲ್ಲ. ಅಲೆಗಳ ತೊಯ್ದಾಟಕ್ಕೆ ವಾಂತಿ ಬರುವವರಿಗೆ ಈ ಆಯ್ಕೆಯನ್ನು ನಾನು ಸೂಚಿಸುವುದೇ ಇಲ್ಲ.

ಇನ್ನೊಂದು ಸೂಕ್ಷ್ಮವಿದೆ. ಇಬ್ಬರು ಜೋಡಿಯಾಗಿ ಇಳಿದಾಗ ಯಾರ ಗಾಳಿ ಬೇಗ ಮುಗಿಯುತ್ತದೆಯೋ ಅವರ ಗಡಿಯಾರವೇ ಇಬ್ಬರ ಗಡಿಯಾರವೂ ಆಗುತ್ತದೆ. ಹೊಸಬರು, ಅದರಲ್ಲಿಯೂ ಮೈಕಟ್ಟು ದೊಡ್ಡದಾಗಿರುವವರು, ಸೆಳೆತದಲ್ಲಿ ಈಜುವಾಗ ಗಾಳಿಯನ್ನು ಬಹಳ ಬೇಗ ಬಳಸಿಬಿಡುತ್ತಾರೆ. ಹೌಸ್ ರೀಫಿನಲ್ಲಿ ಇದು ಸಮಸ್ಯೆಯೇ ಆಗಲಿಲ್ಲ. ಆಳವಿಲ್ಲದ ಕಡೆಗೆ ಬಂದು ಡೈವನ್ನು ಮುಂದುವರಿಸುತ್ತಿದ್ದೆವು. ದೋಣಿಯಲ್ಲಿಯಾದರೆ ಗೈಡ್ ಜೋಡಿಗಳನ್ನು ಗಾಳಿಯ ಬಳಕೆಗೆ ಅನುಗುಣವಾಗಿ ಮರುಹೊಂದಿಸಿದರು. ಕೆಲವು ಡೈವ್‌ಗಳಲ್ಲಿ ನನ್ನವರು ಬೇರೆಯವರ ಜೊತೆಗೆ ಮೊದಲೇ ಮೇಲೆ ಹೋದರು, ನಾನು ಅಪರಿಚಿತರೊಬ್ಬರ ಜೊತೆಗೆ ಕೆಳಗೆ ಉಳಿದೆ. ವಾಡಿಕೆಯ 12 ಲೀಟರಿನ ಬದಲು 15 ಲೀಟರಿನ ಸಿಲಿಂಡರನ್ನು ನನ್ನವರಿಗಾಗಿ ಕೇಳಿ ಪಡೆದ ಮೇಲೆ ಈ ತೊಂದರೆ ಬಹುಮಟ್ಟಿಗೆ ಪರಿಹಾರವಾಯಿತು. ದೋಣಿಯನ್ನು ಆರಿಸುವವರು ಇದನ್ನು ಮೊದಲೇ ಕಾಯ್ದಿರಿಸಬೇಕು. ಕಾಲುವೆಗಳಿಗೆ ಹೋಗುವ ಬಹುತೇಕ ದೋಣಿಗಳು ಅಡ್ವಾನ್ಸ್‌ಡ್ ಪ್ರಮಾಣಪತ್ರವನ್ನೂ ಒಂದಿಷ್ಟು ದಾಖಲಾದ ಅನುಭವವನ್ನೂ ಕೇಳುತ್ತವೆ, ಹಾಗೆ ಕೇಳುವುದು ನ್ಯಾಯವೇ. ಮಾಲ್ಡೀವ್ಸ್‌ನ ನಿಯಮದಂತೆ ಮನರಂಜನೆಯ ಡೈವಿಂಗ್‌ಗೆ 30 ಮೀಟರ್ ಮಿತಿಯಿದೆ; ಕಾಲುವೆಯ ಬಾಯಿ ಎಷ್ಟೋ ಕಡೆ ಆ ಮಿತಿಯ ಆಸುಪಾಸಿನಲ್ಲಿಯೇ ಇರುತ್ತದೆ.

ಜನವಸತಿಯ ದ್ವೀಪಗಳಲ್ಲಿ ಅತಿಥಿಗೃಹಗಳು 2010ರ ಆಸುಪಾಸಿನಿಂದ ಹೆಚ್ಚಾದವು. ನಾವು ಉಳಿದದ್ದು ದಕ್ಷಿಣ ಆರಿ ಅಟಾಲಿನ ದಿಗುರಾದಲ್ಲಿ. 2009ರಿಂದ ಸಂರಕ್ಷಿತವಾಗಿರುವ ಅಲ್ಲಿನ ಸಮುದ್ರಭಾಗದಲ್ಲಿ ವೇಲ್ ಶಾರ್ಕ್‌ಗಳು ವರ್ಷವಿಡೀ ಕಾಣಸಿಗುತ್ತವೆ. ವೆಚ್ಚ ರೆಸಾರ್ಟಿಗಿಂತ ಬಹಳ ಕಡಿಮೆ, ಡೈವಿಂಗ್ ಮಟ್ಟ ಹೆಚ್ಚುಕಡಿಮೆ ಅಷ್ಟೇ ಒಳ್ಳೆಯದು. ಮದ್ಯಕ್ಕೆ ಅವಕಾಶವಿಲ್ಲ, ಈಜುಡುಗೆಗೆ ಗೊತ್ತುಮಾಡಿದ ಕಡಲತೀರ ಬಿಟ್ಟರೆ ಉಳಿದೆಡೆ ಮೈಮುಚ್ಚುವ ಬಟ್ಟೆ ಧರಿಸಬೇಕು. ಹಣವನ್ನು ಕೋಣೆಗಿಂತ ನೀರಿನಲ್ಲಿ ಖರ್ಚುಮಾಡಲು ಬಯಸುವ ಜೋಡಿಗೆ ಇದು ಸೂಕ್ತ. ಏಕಾಂತವನ್ನು ಬಯಸುವವರಿಗೆ ಅಷ್ಟಾಗಿ ಅಲ್ಲ.

ಬೊನೇರ್ ನನಗೆ ಅತ್ಯಂತ ಅಚ್ಚರಿ ತಂದ ಸ್ಥಳ. ನೆದರ್‌ಲ್ಯಾಂಡ್ಸ್‌ಗೆ ಸೇರಿದ ಈ ಒಣ ದ್ವೀಪದ ಸುತ್ತಲಿನ ಸಮುದ್ರ, 60 ಮೀಟರ್ ಆಳದವರೆಗೆ, 1979ರಿಂದ ಸಾಗರ ಉದ್ಯಾನವಾಗಿದೆ. ರಸ್ತೆಬದಿಯಲ್ಲಿ ಡೈವ್ ಸ್ಥಳದ ಹೆಸರು ಬರೆದ ಹಳದಿ ಕಲ್ಲುಗಳಿವೆ. ಬಾಡಿಗೆಯ ಪಿಕಪ್ ವಾಹನದಲ್ಲಿ ಸಿಲಿಂಡರುಗಳನ್ನು ಹೇರಿಕೊಂಡು, ಇಷ್ಟವಾದ ಕಲ್ಲಿನ ಬಳಿ ನಿಲ್ಲಿಸಿ, ಉಡುಪು ತೊಟ್ಟು ನಡೆದುಕೊಂಡೇ ಸಮುದ್ರಕ್ಕೆ ಇಳಿಯುವುದು ಇಲ್ಲಿನ ರೂಢಿ. ಪಶ್ಚಿಮದ ದಡ ಗಾಳಿಯ ಮರೆಯಲ್ಲಿರುವುದರಿಂದ ನೀರು ಸಾಮಾನ್ಯವಾಗಿ ಶಾಂತ, ದಿಬ್ಬದ ಇಳಿಜಾರು ದಡಕ್ಕೆ ಬಹಳ ಹತ್ತಿರ. 1984ರಲ್ಲಿ ಮುಳುಗಿದ ಹಿಲ್ಮಾ ಹೂಕರ್ ಎಂಬ ಹಡಗು ಸುಮಾರು 30 ಮೀಟರ್ ಆಳದಲ್ಲಿ ಮಗ್ಗುಲಾಗಿ ಮಲಗಿದೆ. ಅದನ್ನೂ ದಡದಿಂದಲೇ ಈಜಿ ತಲುಪಬಹುದು. ರಾತ್ರಿಯ ಡೈವ್‌ನಲ್ಲಿ ದೊಡ್ಡ ಟಾರ್ಪನ್ ಮೀನುಗಳು ನಮ್ಮ ಟಾರ್ಚಿನ ಬೆಳಕನ್ನೇ ಬಳಸಿಕೊಂಡು ಬೇಟೆಯಾಡುತ್ತಿದ್ದವು. ಚಿಕ್ಕ ಮೀನಿನ ಮೇಲೆ ಬೆಳಕು ನಿಲ್ಲಿಸಿದರೆ ಅದರ ಸಾವಿಗೆ ನಾವೇ ಹೊಣೆಯಾಗುತ್ತೇವೆ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಮಾಂಟಾಗಳ ಗುಂಪಾಗಲಿ ಶಾರ್ಕ್‌ಗಳ ಸಾಲಾಗಲಿ ಬೊನೇರ್‌ನಲ್ಲಿ ಸಿಗುವುದಿಲ್ಲ. ಸಿಗುವುದು ಸ್ವಾತಂತ್ರ್ಯ, ಮತ್ತು ಅದರ ಜೊತೆಗೆ ದುಡಿಮೆ: ಸಿಲಿಂಡರ್ ಹೊರುವುದು, ಚೂಪಾದ ಹವಳದ ಮುರುಕುಗಳ ಮೇಲೆ ಗಟ್ಟಿ ಅಡಿಯ ಬೂಟು ತೊಟ್ಟು ಎಡವದೆ ನಡೆಯುವುದು, ಸಂಜೆ ಸಲಕರಣೆಗಳನ್ನು ತೊಳೆಯುವುದು. ಕೈಗವಸು ತೊಡುವುದಕ್ಕೆ ಅಲ್ಲಿ ನಿಷೇಧವಿರುವುದರಿಂದ ಜಾರಿದಾಗ ಬಂಡೆ ಹಿಡಿಯುವಂತೆಯೂ ಇಲ್ಲ. ವಾಹನದಲ್ಲಿ ಬೆಲೆಬಾಳುವ ಯಾವುದನ್ನೂ ಬಿಡಬಾರದು. ಇಬ್ಬರಿಗೂ ಸ್ವತಂತ್ರವಾಗಿ ಡೈವ್ ಯೋಜಿಸುವ ಅಭ್ಯಾಸವಿದ್ದರೆ ಮಾತ್ರ ಇದು ಸುಖ. ಒಬ್ಬರು ಸದಾ ಮುಂದಾಳು, ಇನ್ನೊಬ್ಬರು ಸದಾ ಹಿಂಬಾಲಕರು ಎಂಬ ಸ್ಥಿತಿಯಲ್ಲಿ ಮುಂದಾಳಿಗೆ ರಜೆಯೇ ಇರುವುದಿಲ್ಲ. ನಾವು ಮದುವೆಯಾದ ಹೊಸದರಲ್ಲಿಯೇ ಇಲ್ಲಿಗೆ ಹೋಗಿದ್ದರೆ ನಾನು ಹೆಂಡತಿಗಿಂತ ಹೆಚ್ಚಾಗಿ ಗೈಡ್ ಆಗಿರುತ್ತಿದ್ದೆ.

ಇಬ್ಬರಲ್ಲಿ ಒಬ್ಬರು ಡೈವಿಂಗ್ ಕಲಿತಿಲ್ಲವಾದರೆ ಆಯ್ಕೆ ಸುಲಭ: ಹೌಸ್ ರೀಫ್ ಇರುವ ದ್ವೀಪ. ಒಬ್ಬರು ಮೇಲೆ ಸ್ನಾರ್ಕೆಲ್ ಎಂಬ ಉಸಿರಾಟದ ಕೊಳವೆ ಹಿಡಿದು ತೇಲುತ್ತಾ ಅದೇ ಆಮೆಯನ್ನು ನೋಡಬಹುದು, ಬೇಕೆನಿಸಿದರೆ ತರಬೇತುದಾರರ ಜೊತೆಗೆ 12 ಮೀಟರ್ ಮೀರದ ಪರಿಚಯದ ಡೈವ್ ಮಾಡಬಹುದು. ಮಾಲ್ಡೀವ್ಸ್‌ನ ಬಾ ಅಟಾಲಿನ ಹನಿಫಾರು ಕೊಲ್ಲಿಯಲ್ಲಂತೂ ಮಾಂಟಾಗಳನ್ನು ನೋಡಲು ಸ್ನಾರ್ಕೆಲ್‌ಗೆ ಮಾತ್ರ ಅನುಮತಿ, ಸಿಲಿಂಡರಿಗೆ ಇಲ್ಲ. ಅಲ್ಲಿ ಇಬ್ಬರೂ ಸಮಾನರು. ಕಲಿಯುವ ಆಸೆಯಿದ್ದರೆ ಪಾಠ ಮತ್ತು ಈಜುಕೊಳದ ಅಭ್ಯಾಸವನ್ನು ಹೊರಡುವ ಮೊದಲೇ ಮುಗಿಸಿ, ಸಮುದ್ರದ ನಾಲ್ಕು ಡೈವ್‌ಗಳನ್ನು ಮಾತ್ರ ದ್ವೀಪದಲ್ಲಿ ಮಾಡುವುದು ಲೇಸು.

ವೈದ್ಯಕೀಯ ಪ್ರಶ್ನಾವಳಿಯನ್ನು ಹೊರಡುವ ಮೊದಲೇ ತರಿಸಿಕೊಂಡು ಓದಬೇಕು, ಏಕೆಂದರೆ ಆಸ್ತಮಾ ಅಥವಾ ಹೃದಯದ ತೊಂದರೆಗೆ ಹೌದು ಎಂದು ಬರೆದರೆ ವೈದ್ಯರ ಸಹಿಯಿಲ್ಲದೆ ನೀರಿಗಿಳಿಸುವುದಿಲ್ಲ. ಗರ್ಭಿಣಿಯರು ಡೈವಿಂಗ್ ಮಾಡಬಾರದು, ಗರ್ಭ ಧರಿಸಿರುವ ಸಾಧ್ಯತೆಯಿದ್ದರೂ ಬೇಡ ಎಂಬುದು ವೈದ್ಯರ ಸಲಹೆ. ಮಗುವಿನ ಯೋಚನೆ ಈಗಲೇ ಇದ್ದರೆ ದಂಪತಿಗಳು ಇದನ್ನು ಮೊದಲೇ ಮಾತಾಡಿಕೊಂಡಿರಬೇಕು.

ನಮ್ಮಂತೆ ಎರಡು ಬಗೆಗಳನ್ನು ಜೋಡಿಸುವವರು ಯಾವುದನ್ನು ಮೊದಲು ಇಡಬೇಕು ಎಂಬುದು ಅನುಭವವನ್ನು ಅವಲಂಬಿಸಿದೆ. ಹೊಸಬರಿರುವ ಜೋಡಿ ದ್ವೀಪದಲ್ಲಿ ಪಳಗಿ ದೋಣಿಗೆ ಹೋಗುವುದು ಸುರಕ್ಷಿತ. ಇಬ್ಬರೂ ಅನುಭವಿಗಳಾಗಿದ್ದರೆ ದೋಣಿ ಮೊದಲು, ದ್ವೀಪ ನಂತರ ಎಂದು ಇಟ್ಟುಕೊಳ್ಳುವುದು ಉತ್ತಮ: ಹಲವು ದಿನ ಸತತವಾಗಿ ಡೈವ್ ಮಾಡಿದವರು ವಿಮಾನ ಹತ್ತುವ ಮೊದಲು ಕನಿಷ್ಠ 18 ಗಂಟೆ ಕಾಯಬೇಕು, ಆ ಕಾಯುವಿಕೆ ದೋಣಿಯ ಬಿಸಿಲುಮಹಡಿಗಿಂತ ದ್ವೀಪದ ನೆರಳಿನಲ್ಲಿ ಹಿತವಾಗಿರುತ್ತದೆ. ರೆಸಾರ್ಟಿಗೆ ಹೋಗಿಬರಲು ಸೀಪ್ಲೇನ್ ಗೊತ್ತುಮಾಡಿದ್ದರೆ ಅದು ಹಗಲಿನಲ್ಲಿ ಮಾತ್ರ ಹಾರುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡು ಕೊನೆಯ ಡೈವಿನ ಗಂಟೆಯನ್ನು ಹಿಂದಕ್ಕೆ ಎಣಿಸಬೇಕು. ನಮ್ಮ ಲೆಕ್ಕದಲ್ಲಿ ಅದು ಹೊರಡುವ ದಿನದ ಹಿಂದಿನ ಬೆಳಗ್ಗೆಗೆ ಬಂದು ನಿಲ್ಲುತ್ತಿತ್ತು.