ಮಾರುತಿ ಜಿಪ್ಸಿ: ತುಕ್ಕು ತಿಂದ ಬಾಡಿಗೆ ತೇಪೆಯೋ, ಬೇರೆ ಬಾಡಿಯೋ?

ಮಲೆನಾಡಿನಲ್ಲೋ ಕರಾವಳಿಯಲ್ಲೋ ವರ್ಷಗಟ್ಟಲೆ ಓಡಿದ ಜಿಪ್ಸಿಯ ಎಂಜಿನ್ ಬಗ್ಗೆ ದೂರು ಕೇಳಿಬರುವುದು ಕಡಿಮೆ. 2000ದ ನಂತರ ಬಂದ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸುವ) ಗಾಡಿಯ 1298 ಸಿಸಿ ಎಂಜಿನ್‌ಗೆ ಸಮಯಕ್ಕೆ ಸರಿಯಾಗಿ ಆಯಿಲ್ ಮತ್ತು ಟೈಮಿಂಗ್ ಬೆಲ್ಟ್ ಬದಲಾಯಿಸಿ, ಕೂಲಂಟ್ ಕಡೆ ಕಣ್ಣಿಟ್ಟರೆ ಅದು ತನ್ನ ಪಾಡಿಗೆ ದುಡಿಯುತ್ತದೆ. ಒಂದು ಟನ್ ಆಸುಪಾಸಿನ ತೂಕ, 80 ಬಿಎಚ್‌ಪಿ, ಲೋ ಗೇರ್ ಇರುವ ಫೋರ್ ವೀಲ್ ಡ್ರೈವ್. ತೋಟದ ಕೆಸರು ದಾರಿಯಲ್ಲಿ ಇದರ ಸಮಕ್ಕೆ ನಿಲ್ಲುವ ಹಗುರ ಗಾಡಿ ಇನ್ನೂ ಬಂದಿಲ್ಲ ಎಂದೇ ನನ್ನ ಅಭಿಪ್ರಾಯ. ಲೀಫ್ ಸ್ಪ್ರಿಂಗ್‌ನ ಕುಲುಕಾಟ ಇದೆ, ಲೀಟರಿಗೆ ಹತ್ತು ಹನ್ನೊಂದು ಕಿ.ಮೀ. ದಾಟದ ಮೈಲೇಜ್ ಇದೆ, ಏರ್‌ಬ್ಯಾಗ್ ಇಲ್ಲ. ಇವೆಲ್ಲ ಗೊತ್ತಿದ್ದೇ ಕೊಳ್ಳುವವರು ಕೊಳ್ಳುತ್ತಾರೆ. ಗಾಡಿಯನ್ನು ಮುಗಿಸುವುದು ಮಾತ್ರ ತಗಡು. 1985ರಲ್ಲಿ ಬಂದ ಜಿಪ್ಸಿಯ ಮಾರಾಟ ಸಾರ್ವಜನಿಕರಿಗೆ 2019ರ ಹೊತ್ತಿಗೆ ನಿಂತುಹೋಯಿತು. ಹಾಗಾಗಿ ಈಗ ಕೈಯಲ್ಲಿರುವ ಹೆಚ್ಚಿನ ಗಾಡಿಗಳಿಗೆ ಈ ಪ್ರಶ್ನೆ ಎದುರಾಗಿಯೇ ಆಗುತ್ತದೆ: ಇದ್ದ ಬಾಡಿಗೇ ತೇಪೆ ಹಾಕಿಸುವುದೋ, ಬೇರೆ ಬಾಡಿ ತಂದು ಕೂರಿಸುವುದೋ?

ಈ ಪ್ರಶ್ನೆಗೆ ಅರ್ಥವಿರುವುದು ಜಿಪ್ಸಿಯ ಚಾಸಿ (ಕೆಳಗಿನ ಉಕ್ಕಿನ ಚೌಕಟ್ಟು) ಬೇರೆ, ಬಾಡಿ ಬೇರೆ ಆಗಿರುವುದರಿಂದ. ಅದೇ ಕಂಪನಿಯ 800 ಕಾರಿನಲ್ಲಿ ಬಾಡಿಯೇ ಚಾಸಿ. ಚಾಸಿ ನಂಬರ್ ಇರುವುದೂ ಅದರ ಮೇಲೆಯೇ. ಅಲ್ಲಿ ಬಾಡಿ ಬದಲಾಯಿಸಿದರೆ ಗಾಡಿಯನ್ನೇ ಬದಲಾಯಿಸಿದಂತೆ. ಜಿಪ್ಸಿಯಲ್ಲಿ ನಂಬರ್ ಪಂಚ್ ಆಗಿರುವುದು ಮುಂದಿನ ಬಲಗಾಲಿಯ ಒಳಬದಿಯ ಚಾಸಿ ರೈಲಿನ, ಅಂದರೆ ಚೌಕಟ್ಟಿನ ಉದ್ದ ತೊಲೆಯ ಮೇಲೆ. ಮೇಲಿನ ತಗಡಿನ ಡಬ್ಬಿ ರಬ್ಬರ್ ಬುಷ್‌ಗಳ ಮೇಲೆ ಕೂತು ಬೋಲ್ಟ್‌ನಲ್ಲಿ ಬಿಗಿದಿರುತ್ತದೆ, ಅಷ್ಟೇ.

ಹಾಗಾಗಿ ಮೊದಲು ನೋಡಬೇಕಾದ್ದು ಬಾಡಿಯನ್ನಲ್ಲ, ಚಾಸಿಯನ್ನು. ಇದನ್ನು ತಲೆಕೆಳಗು ಮಾಡಿದವರೇ ಹೆಚ್ಚು. ಬಾಡಿಗೆ ದುಡ್ಡು ಸುರಿದು ಪೇಂಟ್ ಮುಗಿಸಿದ ಮೇಲೆ ಹಿಂದಿನ ಶ್ಯಾಕಲ್ (ಲೀಫ್ ಸ್ಪ್ರಿಂಗನ್ನು ಚಾಸಿಗೆ ಹಿಡಿದಿಡುವ ಕೊಂಡಿ) ಕಿತ್ತುಬರುತ್ತದೆ. ಪ್ರೆಶರ್ ವಾಶ್ ಮಾಡಿಸಿ, ಒಂದು ದಿನ ಬಿಸಿಲಲ್ಲಿ ಒಣಗಿಸಿ, ಗಾಡಿಯನ್ನು ಜಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಕಾಲು ಕೆಜಿಯ ಸುತ್ತಿಗೆ ಮತ್ತು ಚೂಪಾದ ಸ್ಕ್ರೂಡ್ರೈವರ್ ಹಿಡಿದು ಕೆಳಗೆ ಹೋಗಬೇಕು. ಗಟ್ಟಿ ರೈಲು ಬಡಿದರೆ ಠಣ್ ಎನ್ನುತ್ತದೆ, ಒಳಗೆ ತಿಂದುಹೋದದ್ದು ದಬ್ ಎನ್ನುತ್ತದೆ. ಹಿಂದಿನ ಆಕ್ಸಲ್ ದಾಟಿದ ಮೇಲಿನ ಭಾಗ, ಹಿಂದಿನ ಶ್ಯಾಕಲ್ ಬ್ರ್ಯಾಕೆಟ್, ರೈಲುಗಳ ನಡುವಿನ ಅಡ್ಡ ತೊಲೆ (ಕ್ರಾಸ್ ಮೆಂಬರ್) ಕೂಡುವ ಮೂಲೆಗಳು, ಬಾಡಿ ಮೌಂಟ್ ಬ್ರ್ಯಾಕೆಟ್‌ಗಳು: ತುಕ್ಕು ಬೀಡುಬಿಡುವುದು ಇಲ್ಲೆಲ್ಲ. ಮಲೆನಾಡಿನ ಗಾಡಿಯಲ್ಲಿ ಇನ್ನೊಂದು ತೊಂದರೆ. ಕೆಂಪು ಮಣ್ಣು, ಕೊಳೆತ ಎಲೆ ರೈಲಿನ ತೂತುಗಳಿಂದ ಒಳಗೆ ಸೇರಿ ಗಟ್ಟಿಯಾಗಿ ಕೂತುಬಿಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆನೆದ ಆ ಮಣ್ಣು ಡಿಸೆಂಬರ್ ಬಂದರೂ ಒಳಗೇ ಹಸಿಯಾಗಿರುತ್ತದೆ. ತೂತಿನೊಳಗೆ ಪೈಪ್ ಬಿಟ್ಟು ತಿಳಿನೀರು ಬರುವ ತನಕ ತೊಳೆದು, ಆಮೇಲೆ ಕಂಪ್ರೆಸರ್ ಗಾಳಿ ಹೊಡೆಯಬೇಕು.

ಬ್ರ್ಯಾಕೆಟ್ ಒಂದೆರಡು ತಿಂದುಹೋಗಿದ್ದರೆ ಭಯ ಬೇಡ. ಕತ್ತರಿಸಿ 3 ಮಿ.ಮೀ. ಪ್ಲೇಟಿನಲ್ಲಿ ಹೊಸದು ಮಾಡಿ ಬೆಸೆಯಬಹುದು. ರೈಲಿನ ಪಕ್ಕದಲ್ಲಿ ಸಣ್ಣ ತೂತಿದ್ದರೆ ಗಟ್ಟಿ ಲೋಹ ಸಿಗುವ ತನಕ ಕತ್ತರಿಸಿ ಪ್ಲೇಟ್ ಹಾಕಬಹುದು. ಆದರೆ ಪ್ಲೇಟಿನ ತುದಿ ಚೂಪಾಗಿ ಓರೆಯಾಗಿರಲಿ. ರೈಲಿಗೆ ಅಡ್ಡಲಾಗಿ ನೇರ ಗೆರೆಯಲ್ಲಿ ವೆಲ್ಡ್ ಹೊಡೆದರೆ ಬಾಗುವ ಬಲವೆಲ್ಲ ಆ ಗೆರೆಯ ಮೇಲೆ ಬಿದ್ದು ಅದರ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಶ್ಯಾಕಲ್ ಇರುವ ಕಡೆ ರೈಲಿನ ತಳವೂ ಎರಡು ಪಕ್ಕವೂ ಸ್ಕ್ರೂಡ್ರೈವರ್‌ಗೆ ಜಗ್ಗಿದರೆ ಆ ಚಾಸಿಯ ಮೇಲೆ ಯಾವ ಬಾಡಿಯನ್ನೂ ಕೂರಿಸಬಾರದು. ನಂಬರ್ ಇರುವ ಜಾಗಕ್ಕೆ ಗ್ರೈಂಡರ್ ತಾಗಿಸುವಂತೆಯೇ ಇಲ್ಲ. ಕೈಯಲ್ಲಿ ವೈರ್ ಬ್ರಶ್ ಹಿಡಿದು ಮೆಲ್ಲಗೆ ಉಜ್ಜಿ ಗ್ರೀಸ್ ಸವರಿಡಿ.

ಚಾಸಿ ಗಟ್ಟಿಯಿದ್ದರೆ ಬಾಡಿಯ ಕಡೆ ಬರೋಣ. ಡ್ರೈವರ್ ಕಾಲಡಿಯ ರಬ್ಬರ್ ಮ್ಯಾಟ್ ಎತ್ತಿ. ಪೇಂಟ್ ಹಾಗೇ ಇದ್ದಂತೆ ಕಾಣುತ್ತದೆ, ಅಲ್ಲಲ್ಲಿ ಚಿಕ್ಕ ಗುಳ್ಳೆ ಅಷ್ಟೇ. ಗುಳ್ಳೆಯ ಮೇಲೆ ಸ್ಕ್ರೂಡ್ರೈವರ್ ಇಟ್ಟು ಒತ್ತಿದರೆ ತಗಡು ಒಳಗೆ ಹೋಗುತ್ತದೆ, ಹೊರಗೆಳೆದರೆ ಕಂದು ಚಕ್ಕೆ ಪದರ ಪದರವಾಗಿ ಅದರ ಜೊತೆ ಎದ್ದುಬರುತ್ತದೆ. ನೀರು ಮೇಲಿಂದ ಸೋರಿ ಮ್ಯಾಟ್ ಕೆಳಗೆ ನಿಂತು, ಕೆಳಗಿಂದ ಕೆಸರು ಹಿಡಿದು, ತಗಡನ್ನು ಎರಡೂ ಕಡೆಯಿಂದ ತಿಂದಿರುತ್ತದೆ. ಹಿಂದಿನ ಗಾಲಿಗಳ ಮೇಲಿನ ಕಮಾನು ನೆಲಕ್ಕೆ ಕೂಡುವ ಅಂಚು, ಬಾಗಿಲ ಕೆಳಗಿನ ಸಿಲ್, ವಿಂಡ್‌ಶೀಲ್ಡ್ ಫ್ರೇಮಿನ ಕೆಳಅಂಚು, ಬ್ಯಾಟರಿ ಟ್ರೇ ಕೆಳಗಿನ ತಗಡು, ಟೈಲ್‌ಗೇಟ್ ತಳ, ಸೀಟ್ ಬೆಲ್ಟ್ ಬೋಲ್ಟ್ ಕೂತಿರುವ ಜಾಗ, ಎಲ್ಲವನ್ನೂ ಹೀಗೇ ಚುಚ್ಚಿ ನೋಡಬೇಕು. ಜೊತೆಗೊಂದು ಮ್ಯಾಗ್ನೆಟ್ ಇರಲಿ. ಅದು ಹಿಡಿಯದ ಕಡೆ ಹಳೆಯ ಪುಟ್ಟಿ ಇದೆ ಎಂದು ಲೆಕ್ಕ.

ಈಗ ತೀರ್ಮಾನ. ಬೋಲ್ಟ್ ಬಿಚ್ಚಿ ಬದಲಾಯಿಸಬಹುದಾದ ಭಾಗಗಳನ್ನು, ಅಂದರೆ ಬಾಗಿಲು, ಬಾನೆಟ್, ಮುಂದಿನ ಫೆಂಡರ್, ಟೈಲ್‌ಗೇಟ್, ವಿಂಡ್‌ಶೀಲ್ಡ್ ಫ್ರೇಮ್‌ಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಅವು ಎಷ್ಟೇ ಕೆಟ್ಟಿದ್ದರೂ ಬಾಡಿ ಬದಲಾಯಿಸಲು ಕಾರಣವಾಗುವುದಿಲ್ಲ. ನೆಲದ ಸಪಾಟು ತಗಡು ಹೋಗಿದ್ದರೂ ತೇಪೆ ಕೆಲಸಕ್ಕೆ ಒಗ್ಗುತ್ತದೆ. ನೋಡಬೇಕಾದ್ದು ಆಕಾರ ಹಿಡಿದು ನಿಲ್ಲಿಸುವ ಜಾಗಗಳನ್ನು: ಸಿಲ್, ಬಾಗಿಲ ಹಿಂಜ್ ಕೂತಿರುವ ಕಂಬದ ಬುಡ, ಬಾಡಿ ಮೌಂಟ್ ಕೂರುವ ತಳ, ಗಾಲಿ ಕಮಾನಿನ ಕೂಡು, ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡಿನ ಗೋಡೆ (ಫೈರ್‌ವಾಲ್). ಇವುಗಳಲ್ಲಿ ಒಂದು ಬಗೆ ಒಂದು ಬದಿಯಲ್ಲಿ ಹೋಗಿದ್ದರೆ ರಿಪೇರಿ. ಎರಡು ಮೂರು ಬಗೆ ಎರಡೂ ಬದಿಯಲ್ಲಿ ಹೋಗಿದ್ದರೆ ಬೇರೆ ಬಾಡಿ. ಕಾರಣ ಇಷ್ಟೇ: ಸಿಲ್ಲೂ ಮೌಂಟೂ ಒಟ್ಟಿಗೆ ಕತ್ತರಿಸಿದ ಮೇಲೆ ಡಬ್ಬಿಗೆ ಅಳತೆ ಉಳಿಯುವುದಿಲ್ಲ. ಐದಾರು ಮಿ.ಮೀ. ಜರುಗಿದರೂ ಬಾಗಿಲು ಕೂರುವುದಿಲ್ಲ, ಮೇಲಿನ ಕ್ಯಾನ್ವಾಸ್ ಹುಡ್ ಎಳೆದರೂ ಕೂರುವುದಿಲ್ಲ. ಅದನ್ನು ಸರಿಮಾಡುವ ಕೂಲಿಯೇ ಒಂದು ಒಳ್ಳೆಯ ಹಳೆ ಬಾಡಿಯ ಬೆಲೆಯನ್ನು ಮೀರುತ್ತದೆ. ತಗಡಿನ ಬೆಲೆ ಇಲ್ಲಿ ಏನೇನೂ ಅಲ್ಲ, ಖರ್ಚೆಲ್ಲ ಕೈಕೆಲಸದ್ದು.

ರಿಪೇರಿ ಎಂದು ನಿರ್ಧರಿಸಿದರೆ ಗ್ಯಾಸ್ ವೆಲ್ಡಿಂಗ್ ಬೇಡ, ವಿದ್ಯುತ್ತಿನಿಂದ ಬೆಸೆಯುವ ಸಿಓಟು ವೆಲ್ಡಿಂಗ್ ಇರುವ ಟಿಂಕರಿಂಗ್ ಶಾಪ್ ಹುಡುಕಿ. ಗ್ಯಾಸ್ ಬೆಂಕಿ ಒಂದು ಗೇಣು ಅಗಲ ತಗಡನ್ನು ಕಾಯಿಸಿ ಸೊಟ್ಟ ಮಾಡುತ್ತದೆ, ಕೂಡಿನ ಹಿಂಬದಿಯ ಪೇಂಟನ್ನೂ ಸುಟ್ಟುಬಿಡುತ್ತದೆ. ಎರಡನೇ ಮಳೆಗಾಲಕ್ಕೆ ತುಕ್ಕು ಶುರುವಾಗುವುದು ಆ ಕಾಣದ ಬದಿಯಿಂದಲೇ. ತುಕ್ಕಿನ ಅಂಚಿನಿಂದ ಇನ್ನೂ ಎರಡು ಮೂರು ಸೆಂ.ಮೀ. ಆಚೆ, ಹೊಳೆಯುವ ಲೋಹ ಸಿಗುವಲ್ಲಿ ಕತ್ತರಿಸಬೇಕು. ನೆಲಕ್ಕೆ 20 ಗೇಜ್, ಮೌಂಟ್ ಸುತ್ತ ಅದಕ್ಕಿಂತ ದಪ್ಪದ 18 ಗೇಜ್ ಸಿಆರ್ (ಸತು ಲೇಪವಿಲ್ಲದ ಉಕ್ಕಿನ) ಶೀಟ್ ಸಾಕು. ತುಕ್ಕು ಹಿಡಿಯಬಾರದೆಂದು ಜಿಐ (ಸತು ಲೇಪಿಸಿದ) ಶೀಟ್ ಹಾಕುವವರಿದ್ದಾರೆ. ವೆಲ್ಡ್ ಮಾಡುವಾಗ ಸತು ಉರಿದು ಕೂಡು ತೂತು ತೂತಾಗುತ್ತದೆ, ಆ ಹೊಗೆ ಕೆಲಸದವರ ಎದೆಗೂ ಕೆಟ್ಟದ್ದು. ಒಂದರ ಮೇಲೊಂದು ತಗಡು ಬರುವ ಕಡೆ ಜಿಂಕ್ ಪ್ರೈಮರ್ ಹೊಡೆದು, ಮೇಲಿನ ತಗಡಿಗೆ 5–6 ಮಿ.ಮೀ. ತೂತು ಕೊರೆದು, ಆ ತೂತು ತುಂಬುವಂತೆ ಬೆಸೆದರೆ ಕಂಪನಿಯ ಸ್ಪಾಟ್ ವೆಲ್ಡ್‌ಗೆ ಹತ್ತಿರ ಬರುತ್ತದೆ. ಉದ್ದ ಗೆರೆ ಒಂದೇ ಉಸಿರಿಗೆ ಎಳೆಯದೆ, ಒಂದಿಂಚು ಇಲ್ಲಿ, ಒಂದಿಂಚು ಅಲ್ಲಿ ಹೊಡೆದು ಆರಲು ಬಿಡಬೇಕು. ಸಿಲ್ ಕತ್ತರಿಸುವ ಮೊದಲು ಬಾಗಿಲ ಬಾಯಿಗೆ ಅಡ್ಡ ಪೈಪ್ ಬೆಸೆದು ಅಳತೆ ಹಿಡಿದಿಡಬೇಕು. ಬಾಡಿ ಚಾಸಿಯ ಮೇಲೆ ಬಿಗಿದೇ ಇರಬೇಕು. ವೆಲ್ಡಿಂಗ್ ಮೊದಲು ಬ್ಯಾಟರಿ ಎರಡೂ ಟರ್ಮಿನಲ್ ಬಿಚ್ಚಿ, ಎಂಪಿಎಫ್‌ಐ ಗಾಡಿಯಾದರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕನೆಕ್ಟರ್ ಕೂಡ ತೆಗೆಯಿರಿ. ಪೆಟ್ರೋಲ್ ಟ್ಯಾಂಕ್ ಇಳಿಸದೆ ಹಿಂದಿನ ನೆಲದಲ್ಲಿ ವೆಲ್ಡ್ ಮಾಡಲು ಬಿಡಲೇಬೇಡಿ.

ಆಮೇಲೆ ಎಪಾಕ್ಸಿ ಪ್ರೈಮರ್, ಕೂಡುಗಳಿಗೆ ನೀರು ನುಗ್ಗದಂತೆ ಪಿಯು ಸೀಲಂಟ್, ಪೇಂಟ್, ಸಿಲ್ ಒಳಗೆ ಉದ್ದ ನಳಿಗೆಯಿಂದ ತುಕ್ಕು ತಡೆಯುವ ಕ್ಯಾವಿಟಿ ವ್ಯಾಕ್ಸ್. ಈ ಕ್ರಮದಲ್ಲೇ. ತುಕ್ಕು ಕೆರೆಯದೆ ಮೇಲೆ ಕಪ್ಪು ರಬ್ಬರ್ ಅಂಡರ್‌ಬಾಡಿ ಕೋಟಿಂಗ್ ಬಳಿಯುವುದು ಎಲ್ಲಕ್ಕಿಂತ ದೊಡ್ಡ ಅನಾಹುತ. ಅದು ತೇವವನ್ನು ಒಳಗೇ ಹಿಡಿದಿಡುತ್ತದೆ. ಹೊರಗೆ ಅಂದವಾಗಿ ಕಾಣುತ್ತಿದ್ದ ಕೋಟಿಂಗ್‌ಗೆ ಬೆರಳು ಒತ್ತಿದರೆ ಹಿಂದೆ ತಗಡೇ ಇರುವುದಿಲ್ಲ.

ಬೇರೆ ಬಾಡಿ ಎಂದಾದರೆ ಎಲ್ಲಿಂದ ಬರುತ್ತದೆ ಎನ್ನುವುದೇ ಮುಖ್ಯ. ಸರ್ಕಾರಿ ಹರಾಜಿನಲ್ಲಿ ಬಿದ್ದ ಗಾಡಿಗಳ ಬಾಡಿ ಗುಜರಿಯಲ್ಲಿ ಸಿಗುತ್ತದೆ. ಬೆಂಗಳೂರಿನ ಶಿವಾಜಿನಗರ, ದೆಹಲಿಯ ಮಾಯಾಪುರಿ ಕಡೆ ಹುಡುಕುವವರೇ ಹೆಚ್ಚು. ಒಣ ಸೀಮೆಯಲ್ಲಿ ಓಡಿದ್ದು ಸಿಕ್ಕರೆ ಬಣ್ಣ ಎಷ್ಟೇ ಮಾಸಿರಲಿ, ಅದೇ ವಾಸಿ. ಹೊಸ ಪೇಂಟ್ ಹೊಡೆದು ನಿಲ್ಲಿಸಿದ್ದನ್ನು ಕೊಳ್ಳಬೇಡಿ, ಒಳಗೇನಿದೆ ಕಾಣುವುದಿಲ್ಲ. ನಿಮ್ಮದು ಎಂಪಿಎಫ್‌ಐ ಆದರೆ ಎಂಪಿಎಫ್‌ಐ ಬಾಡಿಯನ್ನೇ ತನ್ನಿ. ಹಳೆ 970 ಸಿಸಿ ಗಾಡಿಯ ಬಾಡಿಯಾದರೆ ಇಸಿಯು ಬ್ರ್ಯಾಕೆಟ್, ವೈರಿಂಗ್ ದಾರಿ, ಫೈರ್‌ವಾಲ್ ತೂತುಗಳನ್ನೆಲ್ಲ ಹೊಸದಾಗಿ ಹೊಂದಿಸುತ್ತ ಕೂರಬೇಕಾಗುತ್ತದೆ. ಫೈಬರ್ ಬಾಡಿ ತುಕ್ಕು ಹಿಡಿಯುವುದಿಲ್ಲ ನಿಜ, ಆದರೆ ಸೀಟ್ ಬೆಲ್ಟ್ ಮತ್ತು ಹಿಂಜ್‌ಗೆ ಒಳಗೆ ಉಕ್ಕಿನ ಆಧಾರ ಇಲ್ಲದಿದ್ದರೆ ನಾನು ಶಿಫಾರಸು ಮಾಡುವುದಿಲ್ಲ.

ಇಳಿಸುವ ಕೆಲಸ ಅಂದುಕೊಂಡಷ್ಟು ಕಷ್ಟವಲ್ಲ. ಬ್ಯಾಟರಿ, ರೇಡಿಯೇಟರ್, ಹೀಟರ್ ಹೋಸ್, ಕ್ಲಚ್, ಆಕ್ಸಿಲರೇಟರ್ ಮತ್ತು ಸ್ಪೀಡೋಮೀಟರ್ ಕೇಬಲ್, ಬ್ರೇಕ್ ಪೈಪ್, ಸ್ಟಿಯರಿಂಗ್ ಜಾಯಿಂಟ್, ಹ್ಯಾಂಡ್‌ಬ್ರೇಕ್ ಕೇಬಲ್, ಪೆಟ್ರೋಲ್ ತುಂಬುವ ಪೈಪ್, ಎರಡೂ ಗೇರ್ ಲಿವರ್‌ಗಳ ಬೂಟ್, ವೈರಿಂಗ್ ಕನೆಕ್ಟರ್. ಪ್ರತಿಯೊಂದಕ್ಕೂ ಟೇಪ್ ಅಂಟಿಸಿ ಹೆಸರು ಬರೆದು, ಬಿಚ್ಚುವ ಮೊದಲು ಫೋಟೋ ತೆಗೆದಿಡಿ. ಬಾಗಿಲು, ಬಾನೆಟ್, ಸೀಟು ತೆಗೆದ ಮೇಲೆ ಆರು ಜನ ಸೇರಿದರೆ ಎತ್ತಿಬಿಡಬಹುದು. ಕೈಕೊಡುವುದು ಮೌಂಟ್ ಬೋಲ್ಟ್‌ಗಳು. ಬೋಲ್ಟ್ ತುಕ್ಕು ಹಿಡಿದು ಕೂತಿರುತ್ತದೆ, ಸ್ಪ್ಯಾನರ್ ಹಾಕಿದರೆ ಬಾಡಿಗೆ ಬೆಸೆದಿದ್ದ ನಟ್ ಬಿಟ್ಟುಕೊಂಡು ಒಟ್ಟಿಗೇ ಸುತ್ತುತ್ತದೆ. ಎರಡು ದಿನ ಮೊದಲೇ ತುಕ್ಕು ಸಡಿಲಿಸುವ ರಸ್ಟ್ ಆಯಿಲ್ ಹೊಡೆಯುತ್ತಾ ಇರಬೇಕು. ಬಿಡದಿದ್ದರೆ ತಲೆ ಕತ್ತರಿಸಿ. ಹಳೆ ಬಾಡಿ ಹೇಗೂ ಹೋಗುವುದೇ. ಮೇಲೆ ಹೊಸದು ಕೂರಿಸುವ ಮೊದಲು ಎಲ್ಲ ರಬ್ಬರ್ ಬುಷ್, ಬ್ರೇಕ್ ಮತ್ತು ಪೆಟ್ರೋಲ್ ಪೈಪ್ ಬದಲಾಯಿಸಿ, ಚಾಸಿಗೆ ಪೂರ್ತಿ ಪ್ರೈಮರ್ ಹೊಡೆಯಿರಿ. ಇಂಥ ಅವಕಾಶ ಮತ್ತೆ ಸಿಗುವುದಿಲ್ಲ. ಬೋಲ್ಟ್‌ಗಳನ್ನು ಎಲ್ಲವೂ ಕೂತ ಮೇಲೆ, ಬಾಗಿಲು ಹಾಕಿ ಸಂದು ನೋಡಿ, ಆಮೇಲೆ ಬಿಗಿಯಬೇಕು. ಅರ್ಥಿಂಗ್ ವೈರ್ ಕೂರುವಲ್ಲಿ ಪೇಂಟ್ ಕೆರೆಯದಿದ್ದರೆ ಲೈಟ್ ಮಂಕಾಗುತ್ತದೆ, ಸ್ಟಾರ್ಟಿಂಗ್ ಕೂಡ ತಕರಾರು ಮಾಡುತ್ತದೆ.

ಕಾಗದಪತ್ರದ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ಗಾಡಿ ಬೇರೆಯಾಗಬಾರದು. ಕಂಪನಿಯ ಮೂಲ ವಿವರಣೆ ಮೀರಿದ ಮಾರ್ಪಾಡು ಸಲ್ಲದು ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಸಾಫ್ಟ್ ಟಾಪ್ (ಕ್ಯಾನ್ವಾಸ್ ಹೊದಿಕೆಯ) ಗಾಡಿಗೆ ಸಾಫ್ಟ್ ಟಾಪ್ ಬಾಡಿಯನ್ನೇ, ಅದೇ ಬಣ್ಣದಲ್ಲೇ ಹಾಕಿದರೆ ತಲೆನೋವು ಕಡಿಮೆ. ಬಣ್ಣ ಬದಲಿಸುವುದಿದ್ದರೆ ಕೆಲಸ ಶುರುಮಾಡುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿ, ಆರ್‌ಸಿಯಲ್ಲಿ ಸೇರಿಸಿಕೊಳ್ಳಿ. ಗುಜರಿಯಿಂದ ಕೊಂಡ ಬಾಡಿಗೆ ಬಿಲ್ ಬೇಕೇಬೇಕು. 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು, ಆಗ ಇನ್‌ಸ್ಪೆಕ್ಟರ್ ಮೊದಲು ನೋಡುವುದು ಚಾಸಿ ನಂಬರನ್ನೇ. ಆ ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ ಕಾರುಗಳಿಗೆ 600 ರೂಪಾಯಿಯಿಂದ 5,000ಕ್ಕೆ ಏರಿತು. ಆದ್ದರಿಂದ ನವೀಕರಣ ಹತ್ತಿರವಿದ್ದರೆ ಬಾಡಿ ಕೆಲಸ ಮುಗಿಸಿಯೇ ಗಾಡಿ ತೋರಿಸಿ.

ಕೆಲಸ ಯಾವುದೇ ಆಗಲಿ, ಶುರುಮಾಡಲು ಡಿಸೆಂಬರ್‌ನಿಂದ ಏಪ್ರಿಲ್ ಒಳ್ಳೆಯ ಕಾಲ. ತೇವ ಹವೆಯಲ್ಲಿ ಪ್ರೈಮರ್ ಹೊಡೆದರೆ ಅದರಡಿಯಲ್ಲೇ ನೀರು ಕೂರುತ್ತದೆ. ಮುಗಿದ ಮೇಲೆ ನೆಲದ ಡ್ರೈನ್ ತೂತುಗಳ ರಬ್ಬರ್ ಮುಚ್ಚಳವನ್ನು ತಿಂಗಳಿಗೊಮ್ಮೆ ತೆಗೆದು ನೋಡಿ. ಕಾರ್ಪೆಟ್ ಹಾಸಬೇಡಿ, ಮ್ಯಾಟ್ ಬಿಡಿಯಾಗಿರಲಿ. ಕಡಲ ದಂಡೆಯಲ್ಲಿ ಓಡಿಸಿದ ದಿನ ಸಂಜೆಯೇ ಗಾಲಿ ಕಮಾನಿನ ಒಳಗೆ ಸಿಹಿನೀರು ಹಾಯಿಸಿ, ಮಳೆಗಾಲ ಹಿಡಿಯುವ ಮೊದಲು ವರ್ಷಕ್ಕೊಂದು ಸಲ ಸಿಲ್ಲಿಗೆ ವ್ಯಾಕ್ಸ್ ಹೊಡೆಸಿ.