ತಮ್ಮನನ್ನು ಕುಡಿತ ಬಿಡಿಸುವ ಕೇಂದ್ರಕ್ಕೆ ಸೇರಿಸಿ ನಾನು ಮೋಸಹೋದದ್ದು: ಮಂಡ್ಯ, ಮೈಸೂರಿನವರು ದಯವಿಟ್ಟು ಓದಿ

ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ. ಮಂಡ್ಯ ತಾಲ್ಲೂಕಿನ ಒಂದು ಹಳ್ಳಿಯ ಡೇರಿಯಲ್ಲಿ ನಾನು 19 ವರ್ಷಗಳಿಂದ ಕಾರ್ಯದರ್ಶಿ. ಹಾಲಿಗೆ ನೀರು ಬೆರೆಸಿ ತಂದವರನ್ನು, ಲ್ಯಾಕ್ಟೋಮೀಟರ್ ಇಳಿಬಿಡುವ ಮೊದಲೇ, ಅವರು ಕ್ಯಾನು ಕೆಳಗಿಡುವ ರೀತಿಯಲ್ಲೇ ಗುರುತಿಸುತ್ತೇನೆ ಎಂದು ಊರಿನಲ್ಲಿ ಹೆಸರಿದೆ. ವೋಚರ್ ಇಲ್ಲದೆ ಐವತ್ತು ರೂಪಾಯಿಯನ್ನೂ ಯಾರಿಗೂ ಕೊಟ್ಟವನಲ್ಲ. ಅಂಥ ನಾನು ಮೈಸೂರಿನ ಹೊರವಲಯದ ಒಂದು ಕೇಂದ್ರಕ್ಕೆ 60,000 ರೂಪಾಯಿ ಕಟ್ಟಿ, ಒಡಹುಟ್ಟಿದ ತಮ್ಮನನ್ನು 13 ದಿನ ಅಲ್ಲಿ ಬಿಟ್ಟಿದ್ದೆ. ದೂರು ವಿಚಾರಣೆಯಲ್ಲಿರುವುದರಿಂದ ಕೇಂದ್ರದ ಹೆಸರನ್ನು ಬರೆಯುತ್ತಿಲ್ಲ. ಹಣ ಹೋದದ್ದಕ್ಕಿಂತ ಬೇರೊಂದು ಸಂಗತಿಗೆ ನನ್ನ ಹೊಟ್ಟೆ ಉರಿಯುತ್ತಿದೆ, ಅದನ್ನು ಮುಂದೆ ಹೇಳುತ್ತೇನೆ.

ತಮ್ಮನಿಗೆ 38 ವರ್ಷ. ಸ್ವಂತ ಟ್ರ್ಯಾಕ್ಟರ್ ಇಟ್ಟುಕೊಂಡು ಕಬ್ಬು ಸಾಗಿಸುತ್ತಾನೆ. ಸಂಜೆ ಒಂದು ಕ್ವಾರ್ಟರ್ ಎಂದು ಶುರುವಾದದ್ದು, ಈಚಿನ ಎರಡು ವರ್ಷಗಳಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಕ ನಿಲ್ಲಿಸಲು ಕುಡಿಯುವ ಹಂತಕ್ಕೆ ಬಂದಿತ್ತು. ಉಳಿದ ಕಥೆಯನ್ನು ಬರೆಯಬೇಕಾಗಿಲ್ಲ, ಕುಡಿಯುವವರಿರುವ ಮನೆಗಳಲ್ಲಿ ಅದು ಎಲ್ಲರಿಗೂ ಗೊತ್ತಿರುವುದೇ. "ಬಾವ, ನಿಮ್ಮ ಮಾತು ಕೇಳ್ತಾರೆ, ಏನಾದ್ರೂ ಮಾಡಿ" ಎಂದು ಅವನ ಹೆಂಡತಿ ಅತ್ತ ರಾತ್ರಿಯೇ ನಾನು ಮೊಬೈಲಿನಲ್ಲಿ ಹುಡುಕಿ, ಮೊದಲು ಕಂಡ ನಂಬರಿಗೆ ಕರೆ ಮಾಡಿದೆ. ಮೂರು ತಿಂಗಳಿಗೆ 54,000, ಮನೆಯಿಂದ ಕರೆದುಕೊಂಡು ಹೋಗಲು 6,000. ಡಾಕ್ಟರ್, ಯೋಗ, ಆಪ್ತಸಮಾಲೋಚನೆ, ಎಎ ಮೀಟಿಂಗ್ ಎಲ್ಲ ಅದರಲ್ಲೇ ಸೇರಿದೆ ಎಂದರು. ಎಎ ಎಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್, 1935ರಲ್ಲಿ ಅಮೆರಿಕದಲ್ಲಿ ಆರಂಭವಾದ ದಿನದಿಂದಲೂ ಅದಕ್ಕೆ ಶುಲ್ಕವೆಂಬುದೇ ಇಲ್ಲ ಎಂಬುದು ನನಗೆ ತಿಳಿದದ್ದು ಹಣ ಕಟ್ಟಿದ ಮೇಲೆ.

ಮಾರನೆಯ ದಿನ ನೋಡಿಬರಲು ಹೋದೆ. ಹಾಲ್ ಚೊಕ್ಕಟವಾಗಿತ್ತು, ಗೋಡೆಯ ಮೇಲೆ ವಿವೇಕಾನಂದರ ಪಟವಿತ್ತು, ಅದರ ಪಕ್ಕದಲ್ಲಿ ಕಟ್ಟು ಹಾಕಿಸಿದ ನೋಂದಣಿ ಪತ್ರವಿತ್ತು. ಕಾಗದಪತ್ರ ಬಲ್ಲವನೆಂಬ ಜಂಬದಿಂದ ಅದರ ಫೋಟೊವನ್ನೂ ತೆಗೆದುಕೊಂಡೆ. ಬಿಳಿ ಕೋಟು ಹಾಕಿ ಕೊರಳಿಗೆ ಸ್ಟೆತಸ್ಕೋಪ್ ಇಳಿಬಿಟ್ಟುಕೊಂಡಿದ್ದ ಒಬ್ಬರು, ತಮ್ಮ ಎಷ್ಟು ವರ್ಷಗಳಿಂದ ಕುಡಿಯುತ್ತಾನೆ, ಎಷ್ಟು ಕುಡಿಯುತ್ತಾನೆ ಎಂದು ಕೇಳಿ ಬರೆದುಕೊಂಡರು. ಒಳಗಿನ ಕೋಣೆಗಳನ್ನು ತೋರಿಸಿ ಎಂದಾಗ "ಸಾರ್, ಪೇಷಂಟ್‌ಗಳ ಪ್ರೈವಸಿ" ಎಂದರು. ಅದು ಒಳ್ಳೆಯ ಲಕ್ಷಣವೆಂದೇ ನಾನು ತಿಳಿದೆ!

ಹೊರಡುವಾಗ ಅಲ್ಲಿನ ಮ್ಯಾನೇಜರು ಒಂದು ಮಾತು ಹೇಳಿದರು. ಈ ಬರಹವೆಲ್ಲ ಆ ಮಾತಿನ ಬಗ್ಗೆಯೇ. "ಸಾರ್, ಮೊದಲ 21 ದಿನ ಫೋನ್ ಇಲ್ಲ, ಭೇಟಿ ಇಲ್ಲ. ಆಮೇಲೆ ಮಾತಾಡಿದಾಗ ಹೊಡೀತಾರೆ, ಊಟ ಕೊಡಲ್ಲ, ಡಾಕ್ಟ್ರಿಲ್ಲ ಅಂತ ಹೇಳ್ತಾರೆ. ಎಲ್ರೂ ಹೇಳ್ತಾರೆ. ಅದು ಅವರಲ್ಲ ಸಾರ್, ಒಳಗಿರೋ ಎಣ್ಣೆ ಮಾತಾಡೋದು. ಮನೆಯವರು ಕರಗಿದ್ರೆ ಕಥೆ ಮುಗೀತು." ಎಷ್ಟು ನಿಜವೆನ್ನಿಸಿತೆಂದರೆ, ಬಸ್ಸಿನಲ್ಲಿ ಬರುವಾಗ ತಮ್ಮನ ಹೆಂಡತಿಗೂ ಅವ್ವನಿಗೂ ಫೋನಿನಲ್ಲಿ ಅದನ್ನೇ ಒಪ್ಪಿಸಿದೆ.

ಎರಡು ದಿನ ಬಿಟ್ಟು ಬೆಳಗಿನ ಜಾವ ಐದು ಗಂಟೆಗೆ ವ್ಯಾನು ಬಂತು. ನಾಲ್ವರು ಇಳಿದು ಮಲಗಿದ್ದವನನ್ನು ಹಾಗೆಯೇ ಎತ್ತಿಕೊಂಡು ಹೋದರು. ಡೇರಿಗೆ ಹಾಲು ಹಾಕಲು ಹೊರಟಿದ್ದವರೆಲ್ಲ ಕ್ಯಾನು ಹಿಡಿದು ನಿಂತು ನೋಡಿದರು. ಚಪ್ಪಲಿಯನ್ನಾದರೂ ಹಾಕಿಕೊಳ್ಳಲಿ ಎಂದು ನಾನು ಹೇಳುವಷ್ಟರಲ್ಲಿ ಬಾಗಿಲು ಮುಚ್ಚಿತು.

ಐದನೆಯ ರಾತ್ರಿ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ತಮ್ಮನೇ. ಅಡುಗೆಯವನ ಮೊಬೈಲಿನಿಂದ ಕದ್ದು ಮಾತಾಡುತ್ತಿದ್ದ, ನಾಲಿಗೆ ತೊದಲುತ್ತಿತ್ತು. "ಅಣ್ಣ, ಬಂದು ಕರ್ಕೊಂಡೋಗು. ಇಲ್ಲಿ ಡಾಕ್ಟ್ರೇ ಇಲ್ಲ ಕಣಣ್ಣ, ನಂಗೆ ಪಿಡ್ಸ್ ಬಂದಿತ್ತು" ಎಂದ. ಮ್ಯಾನೇಜರು ಹೇಳಿದ ಮಾತು ಅಕ್ಷರಕ್ಷರ ನಿಜವಾಯಿತಲ್ಲ ಎಂದುಕೊಂಡೆ. ನನಗೆ ಬಂದದ್ದು ಮರುಕವಲ್ಲ, ಸಿಟ್ಟು. "ನಾಟ್ಕ ಆಡ್ಬೇಡ, ಮೂರು ತಿಂಗಳು ತೆಪ್ಪಗಿರು" ಎಂದು ಬೈದು ಕರೆ ಕಡಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಇಂದು ಇಷ್ಟು ನಾಚಿಕೆಪಡಬೇಕಾಗಿರಲಿಲ್ಲವೇನೋ. ಬೆಳಿಗ್ಗೆ ನಾನೇ ಕೇಂದ್ರಕ್ಕೆ ಫೋನ್ ಮಾಡಿ, ಒಳಗಿರುವವರ ಕೈಗೆ ಮೊಬೈಲ್ ಸಿಗುತ್ತಿದೆ, ನೋಡಿಕೊಳ್ಳಿ ಎಂದು ತಿಳಿಸಿದೆ. ಅವರು ಹೇಳಿದ್ದು: "ಒಳ್ಳೇ ಕೆಲಸ ಮಾಡಿದ್ರಿ ಸಾರ್. ನಿಮ್ಮಂಥ ಫ್ಯಾಮಿಲಿ ಇದ್ರೆ ಪೇಷಂಟ್ ಬೇಗ ಹುಷಾರಾಗ್ತಾರೆ." ಆ ಹೊಗಳಿಕೆಗೆ ನಾನು ಥ್ಯಾಂಕ್ಸ್ ಹೇಳಿದೆ. ಹೌದು, ಥ್ಯಾಂಕ್ಸ್ ಹೇಳಿದೆ.

ಅದಾದ ಮೇಲೆ ವಾಟ್ಸಾಪಿನಲ್ಲಿ ದಿನಕ್ಕೊಂದು ಫೋಟೊ ಬರುತ್ತಿತ್ತು: ಯೋಗ ಮಾಡುವ ಸಾಲು, ಇಡ್ಲಿಯ ತಟ್ಟೆ. ತಮ್ಮನ ಮುಖವಿರುವ ಫೋಟೊ ಕೇಳಿದರೆ "ಫೋಟೊ ತೆಗೆದ್ರೆ ಡಿಸ್ಟರ್ಬ್ ಆಗ್ತಾರೆ" ಎಂಬ ಉತ್ತರ. ಹನ್ನೆರಡನೆಯ ದಿನ ಸಂಜೆ ಶ್ರೀರಂಗಪಟ್ಟಣದ ಕಡೆಯ ಒಬ್ಬ ಹಿರಿಯರು ಕರೆ ಮಾಡಿದರು. ಅವರ ಮಗ ಅಂದು ಬಿಡುಗಡೆಯಾಗಿ ಬಂದಿದ್ದನಂತೆ, ನನ್ನ ನಂಬರನ್ನು ತಮ್ಮ ಅವನಿಂದ ಬಾಯಿಪಾಠ ಮಾಡಿಸಿ ಕಳುಹಿಸಿದ್ದ. ಎರಡನೆಯ ರಾತ್ರಿ ತಮ್ಮನಿಗೆ ಫಿಟ್ಸ್ ಬಂದು ನಾಲಿಗೆ ಕಚ್ಚಿಕೊಂಡಿದ್ದಾನೆ, ಅದಕ್ಕೇ ಮಾತು ತೊದಲುತ್ತಿದೆ. ಫೋನ್ ಮಾಡಿದ ತಪ್ಪಿಗೆ ಒಂದು ರಾತ್ರಿಯಿಡೀ ಕಂಬಕ್ಕೆ ಕಟ್ಟಿ ನಿಲ್ಲಿಸಿದ್ದರು. ಅಡುಗೆಯವನನ್ನು ಕೆಲಸದಿಂದ ತೆಗೆದರು. ಇವಿಷ್ಟನ್ನು ಅವರು ನಿಧಾನವಾಗಿ ಹೇಳಿ, "ಫೋನ್ ಮಾಡಿದ್ದು ಅವರಿಗೆ ಹೆಂಗೆ ಗೊತ್ತಾಯ್ತೋ ಗೊತ್ತಿಲ್ಲ ಬುದ್ಧಿ" ಎಂದರು. ಹೇಗೆ ಗೊತ್ತಾಯಿತೆಂದು ನನಗೆ ಗೊತ್ತಿತ್ತು.

ಮರುದಿನ ಹೇಳದೆ ಕೇಳದೆ ಹೋದೆ. ಗೇಟಿನಲ್ಲಿಯೇ ಒಂದೂವರೆ ಗಂಟೆ ನಿಲ್ಲಿಸಿದರು. "ಈಗ ನೋಡಿದ್ರೆ ಟ್ರೀಟ್‌ಮೆಂಟ್ ಕೆಡುತ್ತೆ", "ನೀವೇ ಸೈನ್ ಹಾಕಿದ್ದೀರಲ್ಲ ಸಾರ್", "ನಿಮ್ಮನ್ನೂ ಎಮೋಷನಲ್ ಮಾಡ್ಬಿಟ್ರು ನೋಡಿ" ಎಂದು ಒಂದೊಂದು ಸಲ ಒಂದೊಂದು ಉತ್ತರ. ಡಾಕ್ಟರನ್ನು ಕರೆಯಿರಿ ಎಂದರೆ "ಅವರು ವಿಸಿಟಿಂಗ್" ಎಂದರು. ಅಂದು ಬಿಳಿ ಕೋಟು ಹಾಕಿದ್ದವರು ಅಲ್ಲೇ ಲುಂಗಿಯುಟ್ಟು ಅಕ್ಕಿಮೂಟೆ ಇಳಿಸಿಕೊಳ್ಳುತ್ತಿದ್ದರು. ವಿಚಾರಿಸಿದರೆ ಅವರೂ ಒಂದು ಕಾಲದಲ್ಲಿ ಅಲ್ಲಿಗೆ ಸೇರಿಸಲ್ಪಟ್ಟಿದ್ದವರೇ, ಬಿಡುಗಡೆಯಾದ ಮೇಲೆ ಅಲ್ಲಿಯೇ ಉಳಿದವರು. ಕುಡಿತ ಬಿಟ್ಟವರು ಕುಡಿಯುವವರಿಗೆ ದಾರಿ ತೋರಿಸುವುದರಲ್ಲಿ ತಪ್ಪಿಲ್ಲ, ಎಎ ನಡೆಯುವುದೇ ಹಾಗೆ. ಆದರೆ ಅವರಿಗೆ ಕೋಟು ತೊಡಿಸಿ, ಸ್ಟೆತಸ್ಕೋಪ್ ಹಾಕಿಸಿ, ನನ್ನೆದುರು ಕೂರಿಸಿದ್ದು ಏಕೆ? 112ಕ್ಕೆ ಫೋನ್ ಮಾಡುತ್ತೇನೆ ಎಂದು ಮೊಬೈಲ್ ತೆಗೆದ ಮೇಲೆ ತಮ್ಮನನ್ನು ಹೊರಗೆ ಕಳುಹಿಸಿದರು. ಬರಿಗಾಲಿನಲ್ಲಿ ಬಂದ. ನನ್ನನ್ನು ನೋಡಿ ಏನೂ ಮಾತಾಡಲಿಲ್ಲ.

ನೇರ ಮೈಸೂರಿನ ಕೆ.ಆರ್. ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಕರೆದುಕೊಂಡು ಹೋದೆ. ಅಲ್ಲಿನ ವೈದ್ಯರು ವಿವರಿಸಿದ ಮೇಲೆ ನನ್ನ ಕೈಕಾಲು ತಣ್ಣಗಾದವು. ದಿನವೂ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ 6ರಿಂದ 48 ಗಂಟೆಗಳೊಳಗೆ ಫಿಟ್ಸ್ ಬರಬಹುದು, ಎರಡು ಮೂರನೆಯ ದಿನದ ಹೊತ್ತಿಗೆ ದಿಕ್ಕುತಪ್ಪಿ ಬಡಬಡಿಸುವ ಸನ್ನಿ ಹಿಡಿಯಬಹುದು, ಅದು ಪ್ರಾಣಕ್ಕೇ ಅಪಾಯ. ಹಾಗಾಗದಂತೆ ಮಾತ್ರೆ ಕೊಟ್ಟು, ಅದನ್ನು ದಿನದಿಂದ ದಿನಕ್ಕೆ ಇಳಿಸುತ್ತ ಬರಬೇಕು. ಕೇಂದ್ರದಲ್ಲಿ ಫಿಟ್ಸ್ ನಿಂತ ಮೇಲೆ ಗ್ಲೂಕೋಸ್ ಏರಿಸಿದ್ದರಂತೆ. ಬಹುಕಾಲ ಕುಡಿದವರಲ್ಲಿ ಥಯಾಮಿನ್ ಎಂಬ ಬಿ1 ವಿಟಮಿನ್ ಕಡಿಮೆಯಾಗಿರುತ್ತದೆ, ಅಂಥವರಿಗೆ ಅದರ ಇಂಜೆಕ್ಷನ್ ಕೊಡದೆ ಬರೀ ಗ್ಲೂಕೋಸ್ ಹಾಕಿದರೆ ಮೆದುಳಿಗೇ ಹಾನಿಯಾಗುವ ಸಂಭವವಿದೆ ಎಂದು ಅವರು ಹೇಳುವಾಗ ತಮ್ಮ ಪಕ್ಕದಲ್ಲಿಯೇ ಕುಳಿತು ನೆಲ ನೋಡುತ್ತಿದ್ದ.

ನೋಂದಣಿ ಇತ್ತಲ್ಲ ಎಂದು ಮೊಬೈಲಿನಲ್ಲಿದ್ದ ಫೋಟೊ ತೋರಿಸಿದೆ. ವೈದ್ಯರು ಅದನ್ನು ದೊಡ್ಡದು ಮಾಡಿ ನೋಡಿ, "ಇದು ಟ್ರಸ್ಟ್ ನೋಂದಣಿ. ಸಬ್ ರಿಜಿಸ್ಟ್ರಾರ್ ಆಫೀಸಿಂದು" ಎಂದರು. ಟ್ರಸ್ಟ್ ಮಾಡಿಕೊಂಡಿದ್ದೇವೆ ಎಂಬುದಕ್ಕೆ ದಾಖಲೆ, ಅಷ್ಟೇ. ನನ್ನ ಡೇರಿಗೂ ಸಹಕಾರ ಇಲಾಖೆಯ ನೋಂದಣಿ ಇದೆ, ನನ್ನ ಕುರ್ಚಿಯ ಹಿಂದೆಯೇ ಅದನ್ನು ತೂಗುಹಾಕಿದ್ದೇವೆ. ಹಾಗೆಂದು ನಾನು ನಾಳೆಯಿಂದ ಕುಡುಕರಿಗೆ ಗ್ಲೂಕೋಸ್ ಏರಿಸಬಹುದೇ? ಪ್ರತಿವರ್ಷ ಆಡಿಟ್ ಮಾಡಿಸುವ ನಾನು ಆ ಕಾಗದದ ತಲೆಬರಹವನ್ನೂ ಓದಿರಲಿಲ್ಲ. ಮುದ್ರೆ ಕಂಡೆ, ಸಾಕೆಂದುಕೊಂಡೆ.

ಹಣ ವಾಪಸ್ ಕೇಳಿದಾಗ ಇನ್ನೊಂದು ಗೊತ್ತಾಯಿತು. ರಸೀದಿ ಕೇಳಿ ಪಡೆದಿದ್ದೆನಲ್ಲ, ಅದರಲ್ಲಿ "ಸೇವಾ ದೇಣಿಗೆ" ಎಂದು ಬರೆದಿತ್ತು. "ದೇಣಿಗೆನ ಯಾರಾದ್ರೂ ವಾಪಸ್ ಕೇಳ್ತಾರಾ ಸಾರ್? ದೇವಸ್ಥಾನದ ಹುಂಡೀಲಿ ಹಾಕಿದ್ದನ್ನ ಕೇಳ್ತೀರಾ?" ಎಂದು ಮ್ಯಾನೇಜರು ನಕ್ಕರು. ಆ ನಗು ಈಗಲೂ ಕಿವಿಯಲ್ಲಿದೆ.

ಕಾನೂನು ಏನೆನ್ನುತ್ತದೆ ಎಂಬುದನ್ನು ನಾನು ಓದಿಕೊಂಡದ್ದು ಇದೆಲ್ಲ ಆದ ಮೇಲೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರಲ್ಲಿ ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ತೊಂದರೆಗಳೂ ಸೇರಿವೆ. ಅಂಥವರನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ಸಂಸ್ಥೆ 65ನೆಯ ಸೆಕ್ಷನ್ ಪ್ರಕಾರ ಆ ಕಾಯ್ದೆಯಡಿಯೇ ನೋಂದಣಿಯಾಗಿರಬೇಕು. ಸ್ವಂತವಾಗಿ ನಿರ್ಧರಿಸುವ ಸ್ಥಿತಿಯಲ್ಲಿ ಇಲ್ಲದವರನ್ನು ಮನೆಯವರ ಅರ್ಜಿಯ ಮೇಲೆ ಸೇರಿಸಲು 89ನೆಯ ಸೆಕ್ಷನ್ ಇದೆ, ಆದರೆ ಅದಕ್ಕೆ ಮನೋವೈದ್ಯರೂ ಸೇರಿದಂತೆ ಇಬ್ಬರು ಬೇರೆಬೇರೆಯಾಗಿ ಪರೀಕ್ಷಿಸಿರಬೇಕು, ಅದೂ 30 ದಿನಗಳ ಮಟ್ಟಿಗೆ ಮಾತ್ರ. ನನ್ನ ತಮ್ಮನನ್ನು ಪರೀಕ್ಷಿಸಿದ್ದು ವ್ಯಾನಿನ ನಾಲ್ವರು. ಯಾವ ರೀತಿಯಲ್ಲೂ ಸರಪಳಿ ಹಾಕಿ ಕಟ್ಟುವುದನ್ನು 95ನೆಯ ಸೆಕ್ಷನ್ ನಿಷೇಧಿಸುತ್ತದೆ. ಕಂಬಕ್ಕೆ ಹಗ್ಗದಲ್ಲಿ ಕಟ್ಟಿದರೆ ಸರಿಯೆಂದು ವಾದಿಸುತ್ತಾರೋ ಏನೋ, ನೋಡೋಣ. ಇನ್ನು ಫೋನ್ ಮಾಡುವುದೂ ಮನೆಯವರನ್ನು ನೋಡುವುದೂ ರೋಗಿಯ ಹಕ್ಕು, 26ನೆಯ ಸೆಕ್ಷನ್. ನಾನು ಚಾಡಿ ಹೇಳಿದ್ದು ಆ ಹಕ್ಕಿನ ಮೇಲೆಯೇ.

ಸೇರಿಸಲೇಬೇಕಾದವರು ಮೊದಲು ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ, ಫಿಟ್ಸಿನ ಅಪಾಯದ ದಿನಗಳನ್ನು ಅಲ್ಲಿ ದಾಟಿಸಿ. ಯಾರನ್ನು ಕೇಳಬೇಕೆಂದೇ ತೋಚದಿದ್ದರೆ ವ್ಯಸನಮುಕ್ತಿ ಸಹಾಯವಾಣಿ 14446 ಇದೆ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಇದೆ, ಎರಡೂ ಉಚಿತ. ಯಾವುದೇ ಕೇಂದ್ರವಾಗಲಿ, ಮಾನಸಿಕ ಆರೋಗ್ಯ ಕಾಯ್ದೆಯ ನೋಂದಣಿಯನ್ನು ಓದಿ ನೋಡಿ, ನನ್ನಂತೆ ಬರೀ ಫೋಟೊ ತೆಗೆದುಕೊಂಡು ಬರಬೇಡಿ. ರಾತ್ರಿ ಎರಡು ಗಂಟೆಗೆ ಫಿಟ್ಸ್ ಬಂದರೆ ಯಾರು ನೋಡುತ್ತಾರೆ ಎಂದು ಕೇಳಿ. ನಿಮ್ಮವರು ಮುಂದೆ ಹೇಳಲಿರುವುದೆಲ್ಲ ಸುಳ್ಳು ಎಂದು ಮೊದಲ ದಿನವೇ ಹೇಳಿಕೊಡುವವರ ಗೇಟಿನಿಂದ ಹಾಗೆಯೇ ಹಿಂದಿರುಗಿ. ಕುಡಿಯುವವರು ಸುಳ್ಳು ಹೇಳುತ್ತಾರೆ ನಿಜ, ನನ್ನ ತಮ್ಮನೂ ನೂರು ಸುಳ್ಳು ಹೇಳಿದ್ದಾನೆ. ಆ ಒಂದು ರಾತ್ರಿ ಹೇಳಿರಲಿಲ್ಲ.

ಈಗ ಎರಡು ವಾರಕ್ಕೊಮ್ಮೆ ಕೆ.ಆರ್. ಆಸ್ಪತ್ರೆಗೆ ಹೋಗಿ ಮಾತ್ರೆ ತರುತ್ತೇವೆ. ನಡುವೆ ಒಂದು ಸಲ ಕುಡಿದಿದ್ದ, ಬೈಯದೆ ಕರೆದುಕೊಂಡು ಹೋದೆ. ಆ ಫೋನಿನ ವಿಷಯವನ್ನು ನಾನು ಅವನಿಗೆ ಹೇಳಿದ್ದೇನೆ. ಅವನು "ಗೊತ್ತು" ಎಂದಷ್ಟೇ ಹೇಳಿ ಟ್ರ್ಯಾಕ್ಟರ್ ಹತ್ತಿದ. ಜಿಲ್ಲಾ ಆರೋಗ್ಯ ಅಧಿಕಾರಿಗಳ ಕಚೇರಿಗೂ ಪೊಲೀಸರಿಗೂ ದೂರು ಕೊಟ್ಟಿದ್ದೇನೆ. ದೂರು ಕೊಟ್ಟ ವಾರದಲ್ಲಿ ಕೇಂದ್ರದಿಂದ ವಾಟ್ಸಾಪಿನಲ್ಲಿ ಒಂದು ಸಂದೇಶ ಬಂತು: "ಸಾರ್, ಮನಸ್ಸಿಗೆ ಹಚ್ಕೋಬೇಡಿ. ನಿಮ್ಮ ತಮ್ಮ ಮತ್ತೆ ಶುರು ಮಾಡ್ತಾರೆ. ಆಗ ಬನ್ನಿ, ಹಳೇ ಫ್ಯಾಮಿಲಿ ಅಂತ ಪಿಕಪ್ ಚಾರ್ಜ್ ಬಿಡ್ತೀವಿ." ಅದರ ಪ್ರಿಂಟ್ ತೆಗೆಸಿ, ದಿನಾಂಕ ಬರೆದು, ದೂರಿನೊಂದಿಗೆ ಲಗತ್ತಿಸಿ ಬಂದಿದ್ದೇನೆ.